ಯಜಮಾನರು ಸೋಮವಾರದಿಂದ ಕುಡಿತ ಬಿಡುತ್ತಾರಂತೆ, ಮನೆಯಲ್ಲೇ ಬಿಡಿಸಬಹುದಾ?

ದಾಸರಹಳ್ಳಿಯವಳು:

ನಮ್ಮ ಯಜಮಾನರಿಗೆ 41 ವರ್ಷ. ಪೀಣ್ಯದಲ್ಲಿ ಲೇತ್ ಕೆಲಸ. ಮನೆಗೆ ದುಡ್ಡು ಕೊಡುತ್ತಾರೆ, ಬೀದಿಯಲ್ಲಿ ಗಲಾಟೆ ಮಾಡುವವರಲ್ಲ. ಆದರೆ ರಾತ್ರಿ ಒಂದು ಕ್ವಾರ್ಟರ್ ಆಗಲೇಬೇಕು. ಭಾನುವಾರ ಬಂತೆಂದರೆ ಲೆಕ್ಕವೇ ಇಲ್ಲ. ಈಚೆಗೆ ಬೆಳಗ್ಗೆ ಎದ್ದಾಗ ಕೈ ನಡುಗುತ್ತದೆ, ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿಯುತ್ತಾರೆ. ಮೈಕ್ರೋಮೀಟರ್ ಹಿಡಿಯೋಕೆ ಆಗಲ್ಲ ಅಂತ ಕೆಲಸಕ್ಕೆ ಹೋಗುವ ಮುಂಚೆ ಒಂದು ನೈಂಟಿ ಹಾಕಿಕೊಳ್ಳುತ್ತಿದ್ದಾರೆ, ಇದನ್ನು ಅವರ ಜೊತೆ ಕೆಲಸ ಮಾಡುವವರೇ ನನಗೆ ಹೇಳಿದ್ದು.

ಯುಗಾದಿ ಮುಂಚೆ ಒಂದು ಸಲ ತಾವಾಗಿಯೇ ಬಿಟ್ಟಿದ್ದರು. ಮೂರನೇ ರಾತ್ರಿ ಗೋಡೆ ಮೇಲೆ ಇರುವೆ ಹರಿಯುತ್ತಿವೆ ಅಂತ ಟವೆಲ್ ತಗೊಂಡು ಹೊಡೆಯುತ್ತಿದ್ದರು. ಗೋಡೆ ಮೇಲೆ ಏನೂ ಇರಲಿಲ್ಲ. ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ನನ್ನ ಹೆಸರು ಕೇಳಿದರೆ ಅವರ ಅಕ್ಕನ ಹೆಸರು ಹೇಳಿದರು. ಅತ್ತೆ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದರು. ಮೈದುನ ಸ್ವಲ್ಪ ಕುಡಿಸಿದ, ಮೆತ್ತಗಾದರು, ಮತ್ತೆ ಶುರು.

ಈಗ ಸೋಮವಾರದಿಂದ ಖಂಡಿತ ಬಿಡುತ್ತೀನಿ ಅಂತಿದ್ದಾರೆ. ಒಂದು ವಾರ ರೂಮಿನಲ್ಲಿ ಹಾಕಿ ಚಿಲಕ ಹಾಕು, ತಾನೇ ಸರಿಹೋಗುತ್ತಾನೆ ಅಂತ ಅತ್ತೆ. ಪಕ್ಕದ ಮನೆಯವರು ಸಾಂಬಾರಿಗೆ ಗೊತ್ತಾಗದ ಹಾಗೆ ಬೆರೆಸುವ ಪುಡಿ ಒಂದಿದೆ ಅಂತಿದ್ದಾರೆ. ಯಾವುದು ಸರಿ? ಆಸ್ಪತ್ರೆಗೆ ಸೇರಿಸುವಷ್ಟು ದೊಡ್ಡ ವಿಷಯವಾ ಇದು?

ನೈಟ್‌ಡ್ಯೂಟಿ ಸಿಸ್ಟರ್:

ಅಕ್ಕಾ, ಸೋಮವಾರ ಮನೆಯಲ್ಲಿ ನಿಲ್ಲಿಸಲು ಬಿಡಬೇಡಿ. ದೊಡ್ಡ ವಿಷಯವೇ ಇದು. ಯುಗಾದಿ ಟೈಮಲ್ಲಿ ಆಗಿದ್ದು ಗಾಳಿಯೂ ಅಲ್ಲ, ಹುಚ್ಚೂ ಅಲ್ಲ. ಡೆಲಿರಿಯಂ ಟ್ರೆಮೆನ್ಸ್ ಅಂತಾರೆ, ನಮ್ಮ ವಾರ್ಡಿನಲ್ಲಿ ಡಿಟಿ. ದಿನಾ ಜಾಸ್ತಿ ಕುಡಿಯುವವರ ಮೆದುಳು ಕುಡಿತದ ಮಂಪರಿಗೆ ಎದುರಾಗಿ ಸದಾ ಜೋರಾಗಿ ಕೆಲಸ ಮಾಡುತ್ತಾ ಇರುತ್ತದೆ. ಎಣ್ಣೆ ದಿಢೀರ್ ನಿಂತರೆ ಆ ಜೋರು ಮಾತ್ರ ಉಳಿಯುತ್ತದೆ. ಕೊನೆಯ ಸಲ ಕುಡಿದು ಆರೇಳು ಗಂಟೆಗೆ ನಡುಕ, ಬೆವರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಈ ಇರುವೆ, ಹಾವು, ಯಾರೋ ಕರೆದ ಹಾಗೆ ಕೇಳಿಸುವುದು. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಒಂದು ಸಲ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ರೂಮಿನ ಚಿಲಕ ಹಾಕಿದರೆ ಒಳಗೆ ಫಿಟ್ಸ್ ಬಂದು ಬಿದ್ದರೂ ನಿಮಗೆ ಗೊತ್ತಾಗಲ್ಲ.

ಆಸ್ಪತ್ರೆಯಲ್ಲಿ ಡಯಾಜೆಪಾಮ್ ಅಥವಾ ಲೋರಾಜೆಪಾಮ್ ಥರದ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಬಂದು ನಿಲ್ಲಿಸುತ್ತಾರೆ. ಇದನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನೀವೇ ಕೊಡಬೇಡಿ, ಮೇಲೆ ಕುಡಿದುಬಿಟ್ಟರೆ ಉಸಿರೇ ನಿಲ್ಲಬಹುದು.

ಇನ್ನೊಂದು ವಿಷಯ. ಸುಸ್ತು ಅಂದ ಕೂಡಲೇ ಏರಿಯಾ ಕ್ಲಿನಿಕ್‌ಗೆ ಹೋಗಿ ಒಂದು ಬಾಟಲ್ ಗ್ಲೂಕೋಸ್ ಹಾಕಿಸುತ್ತಾರಲ್ಲ, ಅಲ್ಲಿ "ಇವರು ದಿನಾ ಕುಡಿಯುತ್ತಾರೆ" ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್ ಖಾಲಿಯಾಗಿರುತ್ತದೆ. ಆ ಬಿ1, ಅಂದರೆ ಥಯಾಮಿನ್, ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು, ನಡಿಗೆ, ಕಣ್ಣಿನ ಚಲನೆ, ನೆನಪು ಎಲ್ಲಾ ಹಾಳು. ಮನೆಯವರು ನಾಚಿಕೆಗೆ ಕುಡಿತದ ವಿಷಯ ಮುಚ್ಚಿಡುತ್ತಾರೆ, ನಮಗೆ ತಲೆನೋವಾಗುವುದು ಅಲ್ಲೇ.

ಪುಡಿ ಬೇಡವೇ ಬೇಡ. ಅದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅನ್ನುವ ಔಷಧಿ ಇದ್ದರಂತೂ ಕುಡಿದ ತಕ್ಷಣ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು ಬಿಪಿ ಬಿದ್ದುಹೋಗಬಹುದು. ಡಾಕ್ಟರೂ ಆ ಮಾತ್ರೆ ಕೊಡುತ್ತಾರೆ, ಆದರೆ ತಗೊಳ್ಳುವವನಿಗೆ ಹೇಳಿ, ಒಪ್ಪಿಸಿ.

ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ, ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್. ಹೋಗುವ ಮುಂಚೆ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ರಾಜಾಜಿನಗರ 4ನೇ ಬ್ಲಾಕ್:

ಇಷ್ಟೊಂದು ಹೆದರಿಸುವುದು ಯಾಕೆ? ಬ್ರಾಂದಿ ಬಿಟ್ಟು ಬೀರಿಗೆ ಬರಲಿ. ನಮ್ಮ ಭಾವ ಹಾಗೇ ಕಡಿಮೆ ಮಾಡಿದ್ದು. ಬೀರು ಏನೂ ಮಾಡಲ್ಲ.

ಲೆಕ್ಕದ ಮೇಷ್ಟ್ರು:

ಸ್ವಾಮಿ, ಇಲ್ಲಿ ಬ್ರಾಂದಿ, ವಿಸ್ಕಿ ಬಾಟಲ್ ಮೇಲೆ ಶೇ. 42.8 ಅಂತ ಇರುತ್ತದೆ ನೋಡಿ. 180 ಎಂಎಲ್ ಕ್ವಾರ್ಟರ್‌ನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 77 ಎಂಎಲ್. ಶೇ. 8ರ ಸ್ಟ್ರಾಂಗ್ ಬೀರು 650 ಎಂಎಲ್ ಬಾಟಲ್‌ನಲ್ಲಿ 52. ಎರಡು ಬೀರು ಹೊಡೆದರೆ 104. ಕ್ವಾರ್ಟರ್ ಅಭ್ಯಾಸ ಇರುವವನು ಒಂದೇ ಬೀರಿಗೆ ಎದ್ದು ಬರುತ್ತಾನಾ? ನಿಮ್ಮ ಭಾವ ಕಡಿಮೆ ಮಾಡಿಲ್ಲ, ಬಾಟಲ್ ಬದಲಾಯಿಸಿದ್ದಾರೆ ಅಷ್ಟೇ.

ಬಿಟ್ಟವನು ಬಸವೇಶ್ವರನಗರ:

ಅಕ್ಕಾ, ಸಿಸ್ಟರ್ ಹೇಳಿದ್ದು ಮೊದಲ ವಾರದ ಮಾತು. ನಾನು ಅದರ ಆಮೇಲಿನದು ಹೇಳುತ್ತೇನೆ. ನಡುಕ ಹೋಗಿ, ಊಟ ರುಚಿಸಿ, ಮುಖಕ್ಕೆ ಕಳೆ ಬಂದಾಗ ಮನೆಯವರೆಲ್ಲಾ ಗೆದ್ದೆವು ಅಂದುಕೊಳ್ಳುತ್ತಾರೆ. ನಿಜವಾದ ಕಷ್ಟ ಶುರುವಾಗುವುದೇ ಆಗ. ಸಂಜೆ ಆರೂವರೆಗೆ ಶಿಫ್ಟ್ ಮುಗಿಸಿ ಗೇಟಿನ ಹೊರಗೆ ಬಂದರೆ ಕಾಲು ತಾನಾಗಿಯೇ ವೈನ್ ಸ್ಟೋರ್ ಕಡೆ ತಿರುಗುತ್ತದೆ, ಯೋಚನೆ ಮಾಡುವಷ್ಟರಲ್ಲಿ ಕೌಂಟರ್ ಮುಂದೆ ಇರುತ್ತೇವೆ, ಅಲ್ಲಿಯ ಹುಡುಗ ನಮ್ಮ ಬ್ರ್ಯಾಂಡ್ ಕೇಳದೇ ಎತ್ತಿಡುತ್ತಾನೆ. ಎದುರಿಗೆ ಗಾಡಿಯವನು ಕಾಂಗ್ರೆಸ್ ಕಡಲೆಕಾಯಿ ಪೊಟ್ಟಣ ಕಟ್ಟುತ್ತಿರುತ್ತಾನೆ. ಆ ವಾಸನೆ ಸಾಕು ನನಗೆ, ಈಗಲೂ.

ನನಗೆ ಕೆಲಸ ಮಾಡಿದ್ದು ಏನೆಂದರೆ ಹೊಟ್ಟೆ. ಹಸಿವಿನಲ್ಲಿ ಆಸೆ ಡಬಲ್ ಆಗುತ್ತದೆ. ಗೇಟಿಂದ ಬಂದ ಕೂಡಲೇ ಒಂದು ಪ್ಲೇಟ್ ಮಸಾಲೆ ಪೂರಿಯೋ, ಎರಡು ಇಡ್ಲಿಯೋ ತಿಂದುಬಿಡುತ್ತಿದ್ದೆ. ಆಸೆ ಎದ್ದಾಗ ಅರ್ಧ ಗಂಟೆ ತಳ್ಳಿದರೆ ಇಳಿಯುತ್ತದೆ, ಅದು ನನಗೆ ಮೊದಲು ಗೊತ್ತೇ ಇರಲಿಲ್ಲ, ರಾತ್ರಿಯೆಲ್ಲಾ ಹಾಗೇ ಇರುತ್ತೆ ಅಂದುಕೊಂಡಿದ್ದೆ. ಸಂಬಳದ ದಿನ ನನ್ನ ಹೆಂಡತಿ ಗೇಟ್ ಹತ್ತಿರ ಬಂದು ನಿಲ್ಲುತ್ತಿದ್ದಳು. ಕಾವಲಿಗೆ ಅಲ್ಲ, ನಾನೇ ಕರೆದಿದ್ದು. ಆಸೆ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ ಮಾತ್ರೆಗಳೂ ಇವೆ, ಲಿವರ್, ಕಿಡ್ನಿ ನೋಡಿಕೊಂಡು ಯಾವುದು ಅಂತ ಡಾಕ್ಟರ್ ಹೇಳುತ್ತಾರೆ.

ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಸೇರಿ ಮಾತಾಡುವ ಗುಂಪು, ಅದರ ಮೀಟಿಂಗ್‌ಗೂ ಹೋಗಲಿ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಸೇರಿ ಶುರು ಮಾಡಿದ್ದು, ಈಗ ಬೆಂಗಳೂರಲ್ಲಿ ಕನ್ನಡದಲ್ಲೇ ನಡೆಯುತ್ತದೆ. ಫೀಸಿಲ್ಲ, ಮನೆತನ ಕೇಳಲ್ಲ. ಮೊದಲ ದಿನ ನಾನು ಹಿಂದಿನ ಕುರ್ಚಿಯಲ್ಲಿ ಕೂತು ಬಾಯಿಬಿಡದೆ ಎದ್ದು ಬಂದೆ. ಯಾರೂ ಒತ್ತಾಯ ಮಾಡಲಿಲ್ಲ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಇದೆ, ಅದು ನಿಮಗೆ. ನಮ್ಮ ಊರ ಕಡೆಯವರು ಧರ್ಮಸ್ಥಳದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟವರೂ ಇದ್ದಾರೆ. ಆದರೆ ಇರುವೆ ಕಂಡಿದೆ ಅಂದಮೇಲೆ ನಿಮ್ಮವರು ಮೊದಲು ಡಾಕ್ಟರ್ ಹತ್ತಿರವೇ ಹೋಗಲಿ.

ವಿಜಯನಗರ ಅಣ್ಣಯ್ಯ:

ಇದೊಂದು ಸೇರಿಸುತ್ತೇನೆ. ಗಲ್ಲಿಗೊಂದು ಡಿ-ಅಡಿಕ್ಷನ್ ಸೆಂಟರ್ ಬೋರ್ಡ್ ಇದೆ. ನನ್ನ ತಮ್ಮನನ್ನು ಒಂದು ಕಡೆ ಸೇರಿಸಿದ್ದೆವು. ರಾತ್ರಿ ವ್ಯಾನ್ ತಂದು ಎಳೆದುಕೊಂಡು ಹೋದರು, ಒಂದು ತಿಂಗಳು ಫೋನ್ ಕೊಡಲಿಲ್ಲ, ವಾಪಸ್ ಬಂದಾಗ ಬೆನ್ನ ಮೇಲೆ ಬಾಸುಂಡೆ. ಬಂದ ವಾರದಲ್ಲೇ ಮತ್ತೆ ಕುಡಿದ, ಈ ಸಲ ನಮ್ಮ ಮೇಲಿನ ಸಿಟ್ಟಿಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಇಂಥ ಕೇಂದ್ರಗಳು ನೋಂದಣಿ ಮಾಡಿಸಿರಬೇಕು. ಸರ್ಟಿಫಿಕೇಟ್ ತೋರಿಸಿ ಅನ್ನಿ. ಮನೋವೈದ್ಯರು ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ, ನಾವು ಯಾವಾಗ ನೋಡಬಹುದು ಅಂತ ಕೇಳಿ. ತಡವರಿಸಿದರೆ ಎದ್ದು ಬನ್ನಿ.

ದಾಸರಹಳ್ಳಿಯವಳು:

ಎಲ್ಲರಿಗೂ ಥ್ಯಾಂಕ್ಸ್. ಅವರಿಗೆ ಇದನ್ನೆಲ್ಲಾ ಓದಿ ಹೇಳಿದೆ. ಇರುವೆ ವಿಷಯ ಕೇಳಿ ಸುಮ್ನೆ ಕೂತರು, ಆಮೇಲೆ ಸೋಮವಾರ ರಜೆ ಹಾಕುತ್ತೀನಿ, ನಿಮ್ಹಾನ್ಸ್‌ಗೇ ಹೋಗೋಣ ಅಂದರು. ಸಿಸ್ಟರ್, ಅಲ್ಲಿವರೆಗೆ ಕುಡಿಯಲು ಬಿಡಬೇಕಾ? ಅತ್ತೆಗೆ ಹೇಳಿದರೆ ನನ್ನನ್ನೇ ಬಯ್ಯುತ್ತಾರೆ.

ನೈಟ್‌ಡ್ಯೂಟಿ ಸಿಸ್ಟರ್:

ಹೌದು ಅಕ್ಕಾ, ಕೇಳಲು ವಿಚಿತ್ರ ಅನ್ನಿಸುತ್ತದೆ, ಆದರೆ ಈ ಎರಡು ದಿನ ದಿಢೀರ್ ನಿಲ್ಲಿಸಬೇಡಿ. ಜಾಸ್ತಿ ಮಾಡುವುದೂ ಬೇಡ. ಲೇತ್ ಹತ್ತಿರ ಬಿಡಬೇಡಿ, ಗಾಡಿ ಓಡಿಸಲು ಕೊಡಬೇಡಿ. ನಡುವೆ ಫಿಟ್ಸ್ ಬಂದರೆ, ಮಾತು ಅಡ್ಡಾದಿಡ್ಡಿ ಆದರೆ ಸೋಮವಾರದವರೆಗೆ ಕಾಯದೆ 108ಕ್ಕೆ ಫೋನ್ ಮಾಡಿ. ಸೋಮವಾರ ಬೆಳಗ್ಗೆ ಬೇಗ ಹೊರಡಿ, ಕ್ಯೂ ಇರುತ್ತದೆ. ಮೆಟ್ರೋ ಗ್ರೀನ್ ಲೈನಿನಲ್ಲಿ ಲಾಲ್‌ಬಾಗ್‌ವರೆಗೆ ಬಂದು ಅಲ್ಲಿಂದ ಆಟೋ ಹಿಡಿಯಿರಿ. ಆಧಾರ್, ಬಿಪಿಎಲ್ ಕಾರ್ಡ್ ಇದ್ದರೆ ಅದು, ಹಳೆಯ ರಕ್ತಪರೀಕ್ಷೆ ರಿಪೋರ್ಟ್ ಇಟ್ಟುಕೊಳ್ಳಿ. ಕೊನೆಯ ಸಲ ಎಷ್ಟು ಹೊತ್ತಿಗೆ ಕುಡಿದರು ಅಂತ ಒಂದು ಚೀಟಿಯಲ್ಲಿ ಬರೆದಿಡಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಬೆಳಗಿನ ನೈಂಟಿಯನ್ನೂ ಸೇರಿಸಿ ಬರೆಯಿರಿ.