ದೊಡ್ಡಮ್ಮ, ದುಬೈಗೆ ಪ್ಯಾಕ್ ಮಾಡೋ ಮುಂಚೆ ಇದನ್ನ ಪೂರ್ತಿ ಕೇಳಿ

ದೊಡ್ಡಮ್ಮ, ನಮಸ್ಕಾರ. ಪಲ್ಲವಿ ಬಾಣಂತನಕ್ಕೆ ನೀವೂ ದೊಡ್ಡಪ್ಪನೂ ಬರ್ತಿದ್ದೀರ ಅಂತ ಗ್ರೂಪಲ್ಲಿ ನೋಡಿ ತುಂಬ ಸಂತೋಷ ಆಯ್ತು. "ಮುಸ್ಲಿಂ ದೇಶ ಅಲ್ವಾ, ಸೀರೆ ಉಡಬಹುದಾ, ಕುಂಕುಮ ಇಡಬಹುದಾ, ಪೂಜೆ ಮಾಡೋಕೆ ಬಿಡ್ತಾರಾ" ಅಂತ ಕೇಳಿದ್ದೀರಲ್ಲ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಬಾಯಲ್ಲೇ ಹೇಳ್ತೀನಿ. ಇಲ್ಲಿ ವಾಟ್ಸಾಪ್ ಕಾಲ್ ಬರಲ್ಲ, ವಾಯ್ಸ್ ಮೆಸೇಜ್ ಹೋಗುತ್ತೆ.

ಸೀರೆ ಆರಾಮಾಗಿ ಉಡಿ. ಕುಂಕುಮ, ತಾಳಿ, ಕಾಲುಂಗುರ, ಯಾವುದಕ್ಕೂ ಯಾರೂ ಏನೂ ಅನ್ನಲ್ಲ. ತಲೆ ಮುಚ್ಕೋಬೇಕಾಗೋದು ಮಸೀದಿಗೆ ಹೋದಾಗ. ಅಬುಧಾಬಿಯ ಶೇಖ್ ಜಾಯೆದ್ ಮಸೀದಿಗೆ ಎಲ್ಲ ಧರ್ಮದವರನ್ನೂ ಬಿಡ್ತಾರೆ, ಖಂಡಿತ ನೋಡಬೇಕು ನೀವು. ಮನೇಲಿ ದೀಪ ಹಚ್ಚಿ, ಪೂಜೆ ಮಾಡಿ. ದುಬೈನ ಜೆಬೆಲ್ ಅಲಿ ಅನ್ನೋ ಕಡೆ 2022ರಲ್ಲಿ ಹೊಸ ದೇವಸ್ಥಾನ ಆಯ್ತು, ಅಬುಧಾಬಿಯಲ್ಲಿ 2024ರ ಫೆಬ್ರವರಿಯಲ್ಲಿ ಕಲ್ಲಿನ ದೊಡ್ಡ ದೇವಸ್ಥಾನ ತೆರೆದ್ರು, ಎರಡಕ್ಕೂ ಕರ್ಕೊಂಡು ಹೋಗ್ತೀನಿ. ನಾಮಕರಣಕ್ಕೆ ಹೋಮ ಅಂತ ಮಾತ್ರ ಯೋಚನೆ ಮಾಡಬೇಡಿ, ಫ್ಲ್ಯಾಟಲ್ಲಿ ಹೊಗೆ ಎದ್ರೆ ಇಡೀ ಬಿಲ್ಡಿಂಗ್‌ಗೆ ಅಲಾರಾಂ ಹೊಡ್ಕೊಳ್ಳುತ್ತೆ. ಇದ್ಯಾವುದರ ಚಿಂತೆಯೂ ನನಗಿಲ್ಲ ದೊಡ್ಡಮ್ಮ. ಚಿಂತೆ ಇರೋದು ನಿಮ್ಮ ಸೂಟ್‌ಕೇಸಿಂದು, ದೊಡ್ಡಪ್ಪನ ಫೋನಿಂದು.

ಅಂಟಿನ ಉಂಡೆ ಮಾಡಿ ತರ್ತೀರ ಅಂತ ಗೊತ್ತು. ನಮ್ಮನೇಲಿ ಅದಕ್ಕೆ ಒಣಕೊಬ್ಬರಿ, ಉತ್ತುತ್ತೆ, ಬಾದಾಮಿ ಜೊತೆ ಗಸಗಸೇನೂ ಹುರಿದು ಹಾಕ್ತೀವಿ. ಆ ಗಸಗಸೆ ಒಂದು ಕಾಳೂ ಬರಕೂಡದು. ಅದು ಅಫೀಮು ಗಿಡದ ಬೀಜ, ಯುಎಇಯಲ್ಲಿ ಸಂಪೂರ್ಣ ನಿಷೇಧ, ಮಾದಕ ವಸ್ತು ತಂದವರ ಥರಾನೇ ನೋಡ್ತಾರೆ. ನಮ್ಮೂರಲ್ಲಿ ದಿನಸಿ ಅಂಗಡೀಲಿ ಸಿಗುತ್ತೆ, ಪಾಯಸ ಮಾಡ್ತೀವಿ ಅಂದ್ರೆ ಕಸ್ಟಮ್ಸ್‌ನವರ ಹತ್ರ ನಡೆಯಲ್ಲ. ಉಂಡೆ ಅಷ್ಟೇ ಅಲ್ಲ, ನಿಮ್ಮ ಬಿಸಿಬೇಳೆಬಾತ್ ಪುಡಿಗೂ ಸಾಗು ಮಸಾಲೆಗೂ ಗಸಗಸೆ ಬೀಳುತ್ತಲ್ಲ. ಮನೇಲಿರೋ ಪುಡೀನೇ ಕಟ್ಕೊಂಡು ಬರಬೇಡಿ. ಗಸಗಸೆ ಬಿಟ್ಟು ಹೊಸದಾಗಿ ಹುರಿದು ಪುಡಿ ಮಾಡಿಸಿ, ಹೊಸ ಡಬ್ಬೀಲಿ ಹಾಕಿ. ಹಳೇ ಡಬ್ಬಿ ಮೂಲೇಲಿ ನಾಲ್ಕು ಕಾಳು ಅಂಟ್ಕೊಂಡಿದ್ರೂ ತೊಂದ್ರೆ. ಪಕ್ಕದ ಮನೆಯವರು "ನಮ್ಮ ಹುಡುಗನಿಗೂ ಒಂದು ಪ್ಯಾಕೆಟ್ ತಲುಪಿಸಿ" ಅಂದ್ರೆ ದಯವಿಟ್ಟು ಒಪ್ಕೋಬೇಡಿ. ನಿಮ್ಮ ಬ್ಯಾಗಲ್ಲಿ ಸಿಕ್ಕಿದ್ದಕ್ಕೆ ನೀವೇ ಹೊಣೆ.

ಎಲೆ ಅಡಿಕೆನೂ ಬೇಡ. ಬಾಣಂತಿಗೆ ಊಟ ಆದ್ಮೇಲೆ ವೀಳ್ಯ ಕೊಡೋದು ನಮ್ಮ ಪದ್ಧತಿ, ಒಪ್ಪಿದೆ, ಆದ್ರೆ ವೀಳ್ಯದೆಲೆ ಸೇರಿ ಪಾನ್ ಸಾಮಾನು ತರೋದು ನಿಷೇಧದ ಪಟ್ಟೀಲೇ ಇದೆ. ಓಮ, ಸೋಂಪು ಹುರಿದು ತನ್ನಿ, ಸಾಕು.

ಈಗ ದೊಡ್ಡಪ್ಪ ಕೇಳಿಸ್ಕೊಳ್ಳಿ. ನೀವು ಹೋದ ಕಡೆಯೆಲ್ಲ ವಿಡಿಯೊ ಮಾಡಿ ಗ್ರೂಪಿಗೆ ಹಾಕ್ತೀರ, ನಮಗೂ ನೋಡೋಕೆ ಖುಷಿ. ಇಲ್ಲಿ ಕಟ್ಟಡ, ಸಮುದ್ರ, ನಮ್ಮ ಮಗು ಎಷ್ಟು ಬೇಕಾದ್ರೂ ತೆಗೀರಿ. ಬೇರೆಯವರನ್ನ, ಅದರಲ್ಲೂ ಹೆಂಗಸರನ್ನ, ಕೇಳದೆ ತೆಗೀಬೇಡಿ. ಪೊಲೀಸರು, ಸರ್ಕಾರಿ ಕಟ್ಟಡ, ರಸ್ತೆ ಅಪಘಾತ ಕಡೆ ಫೋನ್ ಎತ್ತಲೇಬೇಡಿ. 2021ರ ಸೈಬರ್ ಕಾನೂನಿನ ಪ್ರಕಾರ ಒಪ್ಪಿಗೆ ಇಲ್ಲದೆ ತೆಗೆದು ಹಂಚಿ ಒಬ್ಬರ ಖಾಸಗಿತನಕ್ಕೆ ಧಕ್ಕೆ ತಂದ್ರೆ ಕನಿಷ್ಠ 6 ತಿಂಗಳು ಜೈಲು, 1.5 ಲಕ್ಷದಿಂದ 5 ಲಕ್ಷ ದಿರ್ಹಮ್ ದಂಡ, ಇಲ್ಲಾಂದ್ರೆ ಎರಡರಲ್ಲಿ ಒಂದು. ವಾಟ್ಸಾಪಲ್ಲಿ ಬೈದ್ರೂ ಕೇಸ್ ಆಗುತ್ತೆ. ಧರ್ಮದ ವಿಚಾರದ ಫಾರ್ವರ್ಡ್ ಅಂತೂ ಇಲ್ಲಿರೋ ಅಷ್ಟು ದಿನ ಪೂರ್ತಿ ನಿಲ್ಲಿಸಿಬಿಡಿ. 2020ರ ಏಪ್ರಿಲ್‌ನಲ್ಲಿ ಕೊರೊನಾ ಹೊತ್ತಲ್ಲಿ ಇಂಥ ಪೋಸ್ಟ್ ಹಾಕಿದ ಭಾರತೀಯರು ಕೆಲಸ ಕಳ್ಕೊಂಡ್ರು, ಆಗ ನಮ್ಮ ರಾಯಭಾರಿಯಾಗಿದ್ದ ಪವನ್ ಕಪೂರ್ ಅವರೇ ಎಚ್ಚರಿಕೆ ಕೊಡಬೇಕಾಯ್ತು. ಅಳಿಯಂದಿರ ನೌಕರಿ ಇಲ್ಲಿದೆ ದೊಡ್ಡಪ್ಪ, ನೆನಪಿಟ್ಕೊಳ್ಳಿ.

ಊರ ದೇವಸ್ಥಾನದ ಜೀರ್ಣೋದ್ಧಾರದ ರಸೀದಿ ಪುಸ್ತಕ ಅಲ್ಲೇ ಇರಲಿ. ಇಲ್ಲಿ ಪರವಾನಗಿ ಇರೋ ಸಂಸ್ಥೆ ಬಿಟ್ಟು ಯಾರೂ ಚಂದಾ ಎತ್ತೋ ಹಾಗಿಲ್ಲ, ಪುಣ್ಯದ ಕೆಲಸಕ್ಕಾದ್ರೂ ಅಷ್ಟೇ.

ದೊಡ್ಡಮ್ಮ, ಮೆಟ್ರೋಲಿ ಗುಲಾಬಿ ಗೆರೆ ದಾಟಿದ್ರೆ ಹೆಂಗಸರ ಡಬ್ಬ, ದೊಡ್ಡಪ್ಪನೂ ನಿಮ್ಮ ಹಿಂದೆನೇ ಅಲ್ಲಿಗೆ ಹತ್ತಿಬಿಟ್ರೆ 100 ದಿರ್ಹಮ್ ದಂಡ. ಒಳಗೆ ತಿಂದ್ರೂ ಅಷ್ಟೇ, ಒಂದು ಕೋಡುಬಳೆ ಆದ್ರೂ ಸರಿ. ರಸ್ತೆ ಎಲ್ಲೆಂದ್ರಲ್ಲಿ ದಾಟಿದ್ರೆ 400. ಮಗು ಬಟ್ಟೆ ಬಾಲ್ಕನಿ ಕಂಬಿಗೆ ನೇತುಹಾಕಬೇಡಿ, ಮುನಿಸಿಪಾಲಿಟಿಯವರು ದಂಡ ಹಾಕ್ತಾರೆ.

ನೀವು ಬಂದ ಮೇಲೆ ರಂಜಾನ್ ಶುರುವಾಗುತ್ತೆ. ಮನೆ ಒಳಗೆ ಎಂದಿನ ಹಾಗೆ ಊಟ ತಿಂಡಿ, ಬಾಣಂತಿಗೂ ಮಗುವಿಗೂ ಏನೂ ಅಡ್ಡಿ ಇಲ್ಲ. ಹೋಟೆಲುಗಳೂ ತೆಗೆದಿರ್ತವೆ, ದುಬೈಯಲ್ಲಿ 2021ರಿಂದ ಪರದೆ ಕಟ್ಟೋ ನಿಯಮಾನೂ ತೆಗೆದ್ರು. ಆದ್ರೂ ಉಪವಾಸ ಇರೋರ ಎದುರಿಗೆ ಬೀದೀಲಿ ನೀರು ಕುಡಿಯೋದು ಚೆನ್ನಾಗಿರಲ್ಲ, ನಿಮಗೇ ಮನಸ್ಸು ಬರಲ್ಲ. ಸಂಜೆ ಎದುರು ಮನೆಯ ಈಜಿಪ್ಟಿನವರು ಪಲ್ಲವಿಗೆ ಖರ್ಜೂರ, ತಿಂಡಿ ಕಳಿಸ್ತಾರೆ. ಬಲಗೈಯಲ್ಲಿ ತಗೊಳ್ಳಿ. ಮಾಂಸ ಇದೆಯಾ ಅಂತ ಕೇಳಿದ್ರೆ ಅವರು ಬೇಜಾರು ಮಾಡ್ಕೊಳ್ಳಲ್ಲ. ತಟ್ಟೆ ಖಾಲಿ ಕಳಿಸಬಾರದು ಅನ್ನೋದು ಅವರಲ್ಲೂ ಇದೆ, ನಿಮ್ಮ ಕೊಬ್ಬರಿ ಮಿಠಾಯಿ ಇಟ್ಟು ವಾಪಸ್ ಕೊಡಿ. ಹೆಂಗಸರಿಗೆ ದೊಡ್ಡಪ್ಪ ತಾವಾಗಿ ಕೈ ಚಾಚೋದು ಬೇಡ, ನಮಸ್ಕಾರ ಮಾಡಿದ್ರೆ ಎಲ್ಲರಿಗೂ ಅರ್ಥ ಆಗುತ್ತೆ.

ಕೊನೇದಾಗಿ ಮಾತ್ರೆಗಳು. ಬಿಪಿ, ಸಕ್ಕರೆ ಮಾತ್ರೆ ಡಾಕ್ಟರ್ ಚೀಟಿ ಜೊತೆ ಅಂಗಡಿ ಪ್ಯಾಕಲ್ಲೇ ತನ್ನಿ, ಬಿಡಿಸಿ ಡಬ್ಬಿಗೆ ಹಾಕಬೇಡಿ. ದೊಡ್ಡಪ್ಪ ಕಾಲುರಿಗೆ ರಾತ್ರಿ ತಗೊಳ್ಳೋದು ಪ್ರೀಗ್ಯಾಬಲಿನ್ ಆಗಿದ್ರೆ ಅದು ಇಲ್ಲಿ ನಿಯಂತ್ರಿತ ಔಷಧಿ. ಕೋಡೀನ್ ಇರೋ ಕೆಮ್ಮಿನ ಸಿರಪ್, ನೋವಿನ ಟ್ರಾಮಡಾಲ್, ನಿದ್ದೆಯ ಅಲ್ಪ್ರಜೋಲಾಮ್ ಕೂಡ. ಇವಕ್ಕೆ ಮೊದಲೇ ಇಲ್ಲಿನ ಸರ್ಕಾರದ ವೆಬ್‌ಸೈಟಲ್ಲಿ ಅನುಮತಿ ತಗೋಬೇಕು, ಅರ್ಜಿ ನಾನೇ ಹಾಕ್ತೀನಿ. ಪ್ರತಿ ಸ್ಟ್ರಿಪ್ ಹಿಂಬದಿಯ ಹೆಸರು ಕಾಣೋ ಹಾಗೆ ಫೋಟೊ ತೆಗೆದು ನನ್ನ ನಂಬರಿಗೆ ಕಳಿಸಿ, ಗ್ರೂಪಿಗೆ ಬೇಡ. ಚೀಟೀಲಿ ಹೆಸರು ಪಾಸ್‌ಪೋರ್ಟಲ್ಲಿ ಇರೋ ಹಾಗೇ ಬರೆಸಿ. ಅನುಮತಿ ಬಂತು ಅಂತ ನಾನು ಹೇಳೋವರೆಗೂ ಆ ಮಾತ್ರೆ ಯಾವ ಬ್ಯಾಗಿಗೂ ಹಾಕಬೇಡಿ.