ಗುಲಾಮರು ತಾವೇ ತಿರುಗಿಬಿದ್ದ ಸಿನಿಮಾ ಯಾವುದಿದೆ? ತೋರಿಸಿ ನೋಡಿದವರು ಹೇಳಿ

ಕೇಳಿದವರು: ಇತಿಹಾಸದ ಮೇಡಂ, ದಾವಣಗೆರೆ

ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಅಮೆರಿಕದ ಗುಲಾಮಗಿರಿ ಪಾಠ ಮುಗಿದ ಮೇಲೆ ಬಿಎ ಕೊನೆ ವರ್ಷದವರಿಗೆ '12 ಇಯರ್ಸ್ ಎ ಸ್ಲೇವ್' ತೋರಿಸಿದೆ. ಅರ್ಧ ಕ್ಲಾಸು ಕಣ್ಣೊರೆಸಿಕೊಂಡಿತು. ಹಿಂದಿನ ಬೆಂಚಿನ ಒಬ್ಬ ಹುಡುಗನಿಗೆ ಮಾತ್ರ ಸಿಟ್ಟು ಬಂದಿತ್ತು. "ಅಷ್ಟು ಜನ ಇದ್ದರಲ್ಲ ಮೇಡಂ, ಯಾಕೆ ತಿರುಗಿಬೀಳಲಿಲ್ಲ?" ಅಂದ. ಬಿದ್ದಿದ್ದಾರೆ ಕಣಪ್ಪ, ಎಷ್ಟೋ ಸಲ, ಅಂದೆ. "ಮತ್ತೆ ಅದನ್ನೇ ತೋರಿಸಬಹುದಿತ್ತಲ್ಲ" ಅಂದ. ನಾನು ಸುಮ್ಮನಾದೆ.

ಈಗ ನಾಲ್ಕು ಶನಿವಾರ ಸಿಕ್ಕಿವೆ. ಮಧ್ಯಾಹ್ನ ಎರಡೂವರೆ ಗಂಟೆಯಷ್ಟು ಟೈಮು, ಒಂದು ಹಳೇ ಪ್ರೊಜೆಕ್ಟರು, ಐವತ್ತು ಮಕ್ಕಳು. ಹೆಚ್ಚಿನವರು ಕನ್ನಡ ಮೀಡಿಯಂ. ಯಾರೋ ದೊಡ್ಡ ಮನುಷ್ಯ ಬಂದು ಬಿಡಿಸಿದ ಕತೆ ಬೇಡ. ಏನು ತೋರಿಸಲಿ? ನೀವು ತೋರಿಸಿದಾಗ ಏನು ನಡೀತು, ಏನು ಕೈಕೊಟ್ಟಿತು, ಅದನ್ನೂ ಹೇಳಿ.

ಹಳೇ ಫಿಲ್ಮ್ ಸೊಸೈಟಿಯವರು, ಮೈಸೂರು

ಎಲ್ಲರೂ ಮೊದಲು 'ಸ್ಪಾರ್ಟಕಸ್' ಹೆಸರೇ ಹೇಳುತ್ತಾರೆ. ಪ್ರಾಚೀನ ರೋಮಿನಲ್ಲಿ ದಂಗೆ ಎದ್ದ ಗುಲಾಮನ ಕತೆ, ಸ್ಟ್ಯಾನ್ಲಿ ಕೂಬ್ರಿಕ್ ನಿರ್ದೇಶನ, 1960. ಮೂರು ಗಂಟೆಗೂ ಜಾಸ್ತಿ ಇದೆ, ನಿಮ್ಮ ಟೈಮಿಗೆ ಹಿಡಿಸುವುದಿಲ್ಲ. ನಾವು ಒಂದು ಸಲ ಕಾಲೇಜು ಹುಡುಗರಿಗೆ ಇಡೀ ಸಿನಿಮಾ ತೋರಿಸಿದೆವು. ಇಂಟರ್ವಲ್ ಆದ ಮೇಲೆ ಅರ್ಧ ಜನ ವಾಪಸ್ ಬರಲಿಲ್ಲ. ಕೂತವರು ಮಾತ್ರ "ನಾನೇ ಸ್ಪಾರ್ಟಕಸ್" ಅಂತ ಒಬ್ಬೊಬ್ಬರೇ ಎದ್ದು ನಿಲ್ಲುವಾಗ ಶಿಳ್ಳೆ ಹೊಡೆದರು. ಐದೇ ನಿಮಿಷಕ್ಕೆ ರಸ್ತೆಯುದ್ದಕ್ಕೂ ಶಿಲುಬೆಗಳು ಬಂದಾಗ ಹಾಲ್ ತಣ್ಣಗಾಯಿತು.

ಒಂದು ಎಚ್ಚರಿಕೆ. ಆ ಶಿಳ್ಳೆಯ ದೃಶ್ಯ ಕಟ್ಟುಕತೆ. ಇತಿಹಾಸದ ಸ್ಪಾರ್ಟಕಸ್ ಯುದ್ಧದಲ್ಲೇ ಸತ್ತ, ಹೆಣವೂ ಸಿಗಲಿಲ್ಲ. ಶಿಲುಬೆಗಳು ಮಾತ್ರ ನಿಜ. ಕಾಪುವಾದಿಂದ ರೋಮಿನವರೆಗೆ ಆಪಿಯನ್ ರಸ್ತೆಯಲ್ಲಿ ಸುಮಾರು 6,000 ಜನರನ್ನು ಏರಿಸಿದರು. ಶುರುವಾಗಿದ್ದು ಕ್ರಿ.ಪೂ. 73ರಲ್ಲಿ, ಅಡುಗೆಮನೆಯ ಕತ್ತಿ, ಸರಳು ಹಿಡಿದುಕೊಂಡು. ಆ ಅಡುಗೆಮನೆಯ ಭಾಗ ಮತ್ತು ಕೊನೆಯ ಇಪ್ಪತ್ತು ನಿಮಿಷ ತೋರಿಸಿದರೆ ಸಾಕು.

ನನ್ನ ಓಟು 'ಬರ್ನ್!' ಸಿನಿಮಾಕ್ಕೆ. ಇಟಾಲಿಯನ್ ಹೆಸರು 'ಕೇಮಾಡ', 1969, ಜಿಲ್ಲೋ ಪೊಂಟೆಕೊರ್ವೊ. ಕೆರಿಬಿಯನ್‌ನ ಒಂದು ಕಾಲ್ಪನಿಕ ದ್ವೀಪ, ಎಲ್ಲೆಲ್ಲೂ ಕಬ್ಬು. ಇಂಗ್ಲಿಷರ ಏಜೆಂಟ್ ಆಗಿ ಮರ್ಲನ್ ಬ್ರಾಂಡೊ ಬರುತ್ತಾನೆ. ಪೋರ್ಚುಗೀಸರ ಕೈಯಿಂದ ಸಕ್ಕರೆ ವ್ಯಾಪಾರ ಕಿತ್ತುಕೊಳ್ಳಬೇಕು, ಅದಕ್ಕೆ ಗುಲಾಮರನ್ನು ಎತ್ತಿಕಟ್ಟುತ್ತಾನೆ. ಹತ್ತು ವರ್ಷ ಬಿಟ್ಟು ಅದೇ ಮನುಷ್ಯ, ತಾನೇ ಬೆಳೆಸಿದ ಹೊಸೆ ಡೊಲೊರೆಸ್‌ನನ್ನು ಹಿಡಿದು ಕೊಲ್ಲೋಕೆ ಸಂಬಳಕ್ಕೆ ವಾಪಸ್ ಬರುತ್ತಾನೆ. ಕೊನೆಯಲ್ಲಿ ಅವನಿಗೆ ಮನಸ್ಸು ಕುಟುಕುತ್ತದೆ, ಹಗ್ಗ ಬಿಚ್ಚಿ ಓಡಿಹೋಗು ಅನ್ನುತ್ತಾನೆ. ಡೊಲೊರೆಸ್ ಹೋಗುವುದಿಲ್ಲ. ಕೊಟ್ಟ ಸ್ವಾತಂತ್ರ್ಯ ಅವನಿಗೆ ಬೇಡ. ಮೇಡಂ ಕೇಳಿದ 'ದೊಡ್ಡ ಮನುಷ್ಯ ಬಿಡಿಸಿದ ಕತೆ'ಗೆ ಇದಕ್ಕಿಂತ ಕೆಟ್ಟ ಬೈಗುಳ ನಾನು ನೋಡಿಲ್ಲ.

ಡೊಲೊರೆಸ್ ಪಾತ್ರ ಮಾಡಿದ ಎವಾರಿಸ್ತೊ ಮಾರ್ಕೆಸ್ ನಟನೇ ಅಲ್ಲ, ಕೊಲಂಬಿಯಾದ ಹಳ್ಳಿಯವರು. ಆ ಹಳ್ಳಿ ಸಾನ್ ಬಸಿಲಿಯೊ ದೆ ಪಲೆಂಕೆ, ಓಡಿಹೋದ ಗುಲಾಮರೇ ಕಟ್ಟಿದ ಊರು. ಬ್ರಾಂಡೊ ಎದುರು ಆ ಮನುಷ್ಯ ಸುಮ್ನೆ ನಿಂತರೂ ಕಣ್ಣು ಅವರ ಮೇಲೇ ಹೋಗುತ್ತದೆ.

ಸಾಫ್ಟ್‌ವೇರ್ ಕೆಲಸ, ಬೆಂಗಳೂರು

ಸರ್ ಲಿಸ್ಟ್ ಚೆನ್ನಾಗಿದೆ, ಆದರೆ ಇಪ್ಪತ್ತು ವರ್ಷದ ಹುಡುಗರಿಗೆ 1969ರ ಸಿನಿಮಾ ಹಾಕಿದರೆ ಮೊಬೈಲ್ ತೆಗೀತಾರೆ. 'ಜಾಂಗೊ ಅನ್‌ಚೇನ್ಡ್' ಹಾಕಿ ಮೇಡಂ. ಟರಂಟಿನೊ, 2012. ಪಕ್ಕಾ ಮಾಸ್.

ನಿವೃತ್ತ ಮೇಷ್ಟ್ರು, ಧಾರವಾಡ

ಮಾಸ್ ಹೌದಪ್ಪ. ಆದರೆ ಅದರಲ್ಲಿ ಹೀರೋ ಒಬ್ಬನೇ ಎಲ್ಲರಿಗೂ ಗುಂಡು ಹೊಡೆಯುತ್ತಾನೆ, ಉಳಿದ ಗುಲಾಮರು ಸುಮ್ಮನೆ ನೋಡುತ್ತ ನಿಂತಿರುತ್ತಾರೆ. ಅವನನ್ನು ಬಿಡಿಸುವವನೂ ಒಬ್ಬ ಜರ್ಮನ್ ಡಾಕ್ಟರು. ಮೇಡಂ ಬೇಡ ಅಂದದ್ದೇ ಅದು.

ಆದರೂ ಅದರಲ್ಲಿ ಒಂದು ದೃಶ್ಯ ತೋರಿಸಲೇಬೇಕು. ಊಟದ ಮೇಜಿನ ಮೇಲೆ ಯಜಮಾನ ಕ್ಯಾಂಡಿ ಒಂದು ತಲೆಬುರುಡೆ ಇಡುತ್ತಾನಲ್ಲ, ಅದು. ಆ ಬುರುಡೆ ಅವನ ಅಪ್ಪನಿಗೆ ಐವತ್ತು ವರ್ಷ ಕ್ಷೌರ ಮಾಡಿದ ಗುಲಾಮನದು. ಕೈಯಲ್ಲಿ ಕ್ಷೌರದ ಕತ್ತಿ ಇದ್ದರೂ ಯಾಕೆ ಒಂದು ದಿನವೂ ಕತ್ತು ಕೊಯ್ಯಲಿಲ್ಲ, ಇವರೆಲ್ಲ ಯಾಕೆ ನಮ್ಮನ್ನು ಕೊಲ್ಲುವುದಿಲ್ಲ ಅಂತ ಕೇಳುತ್ತಾನೆ. ಆಮೇಲೆ ಬುರುಡೆಯ ಗುಳಿ ತೋರಿಸಿ, ಇವರ ತಲೆಯೇ ಹಾಗೆ ಹುಟ್ಟಿದೆ ಅನ್ನುತ್ತಾನೆ.

ನಿಮ್ಮ ಹಿಂದಿನ ಬೆಂಚಿನ ಹುಡುಗ ಕೇಳಿದ ಪ್ರಶ್ನೆಯೂ ಇದೇ ಅಲ್ವಾ? ಅವನು ನೋವಿನಿಂದ ಕೇಳಿದ, ಕ್ಯಾಂಡಿ ಕೊಬ್ಬಿನಿಂದ. ನನ್ನ ಕ್ಲಾಸಿನಲ್ಲಿ ಈ ದೃಶ್ಯ ಹಾಕಿ ನಿಲ್ಲಿಸಿದೆ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬಳು "ಸರ್, ಈ ಪ್ರಶ್ನೆ ಯಜಮಾನರಿಗೆ ಅನುಕೂಲ" ಅಂದಳು. ಆ ವರ್ಷದ ಪಾಠ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ನೀವು ತೋರಿಸಿದ ಸಿನಿಮಾದಲ್ಲೂ ಉತ್ತರ ಇದೆ, ಮಕ್ಕಳು ದಾಟಿಹೋಗಿದ್ದಾರೆ. ಅದರ ನಾಯಕ ಸಾಲೊಮನ್ ನಾರ್ತಪ್, ಬಡಗಿ ಟಿಬೀಟ್ಸ್‌ನ ಚಾಟಿ ಕಿತ್ತುಕೊಂಡು ಅವನಿಗೇ ಬಾರಿಸುತ್ತಾನೆ. ಆಮೇಲೆ ಮರಕ್ಕೆ ಹಗ್ಗ ಕಟ್ಟಿ, ತುದಿಗಾಲು ಕೆಸರಿಗೆ ತಾಗುವ ಹಾಗೆ ತೂಗುಬಿಡುತ್ತಾರೆ. ಹಿಂದೆ ಜನ ಕೆಲಸ ಮಾಡುತ್ತಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಒಬ್ಬಾಕೆ ಬಂದು ನೀರು ಕುಡಿಸುತ್ತಾಳೆ. ಆ ಒಂದು ಶಾಟ್ ಮತ್ತೆ ಹಾಕಿ. ಆ ನೀರಿಗೆ ಎಷ್ಟು ಧೈರ್ಯ ಬೇಕಿತ್ತು ಅಂತ ಕೇಳಿ.

ಕನ್ನಡತಿ, ವರ್ಜೀನಿಯಾ

ನಾನಿರುವ ರಾಜ್ಯದಲ್ಲೇ ನ್ಯಾಟ್ ಟರ್ನರ್ ದಂಗೆ ನಡೆದದ್ದು. ಸೌತಾಂಪ್ಟನ್ ಕೌಂಟಿ, 1831ರ ಆಗಸ್ಟ್. ಟರ್ನರ್ ತಾನೂ ಗುಲಾಮ, ಬೈಬಲ್ ಓದಲು ಬರುತ್ತಿದ್ದ, ಉಳಿದ ಗುಲಾಮರಿಗೆ ಪ್ರವಚನ ಮಾಡುತ್ತಿದ್ದ ಮನುಷ್ಯ. ಎರಡು ದಿನದಲ್ಲಿ ದಂಗೆ ಮುಗಿಯಿತು, ಎರಡು ತಿಂಗಳು ತಲೆಮರೆಸಿಕೊಂಡಿದ್ದ, ನವೆಂಬರ್ 11ಕ್ಕೆ ನೇಣು. ಆಮೇಲೆ ಇಲ್ಲಿ ಕರಿಯರಿಗೆ ಅಕ್ಷರ ಕಲಿಸುವುದರ ವಿರುದ್ಧ ಕಾನೂನು ಬಿಗಿ ಮಾಡಿದರು, ಬಿಳಿ ಪಾದ್ರಿ ಇಲ್ಲದೆ ಪ್ರಾರ್ಥನೆಗೆ ಸೇರುವುದನ್ನೂ ತಡೆದರು. ಯಾಕೆ ತಿರುಗಿಬೀಳಲಿಲ್ಲ ಅನ್ನುವವರಿಗೆ ನಾನು ಈ ಕಾನೂನು ತೋರಿಸುತ್ತೇನೆ. ಯಜಮಾನರಿಗೆ ಎಷ್ಟು ಹೆದರಿಕೆ ಇತ್ತು ಅಂತ ಅದರಲ್ಲೇ ಗೊತ್ತಾಗುತ್ತದೆ.

ಇದರ ಮೇಲೆ ನೇಟ್ ಪಾರ್ಕರ್ 2016ರಲ್ಲಿ 'ದಿ ಬರ್ತ್ ಆಫ್ ಎ ನೇಷನ್' ಮಾಡಿದರು. 1915ರಲ್ಲಿ ಇದೇ ಹೆಸರಿನ ಸಿನಿಮಾ ಕರಿಯರನ್ನು ಹಿಂಸಿಸುತ್ತಿದ್ದ ಬಿಳಿಯರ ಗುಂಪಾದ ಕೂ ಕ್ಲಕ್ಸ್ ಕ್ಲಾನ್‌ನವರನ್ನು ಹೀರೋ ಮಾಡಿತ್ತು. ಬೇಕೆಂದೇ ಆ ಹೆಸರು ಕಿತ್ತುಕೊಂಡಿದ್ದಾರೆ. ಹೆಸರು ಇಷ್ಟವಾಯಿತು, ಸಿನಿಮಾ ಅಷ್ಟಕ್ಕಷ್ಟೆ. ಹೆಂಡತಿಗಾದ ಅನ್ಯಾಯಕ್ಕೆ ಗಂಡ ಎದ್ದ ಅನ್ನುವ ಹಾಗೆ ಕತೆ ತಿರುಗುತ್ತದೆ. ಹೆಂಗಸರು ತಾವಾಗಿ ಏನೂ ಮಾಡುವುದಿಲ್ಲ.

ಹೆಂಗಸರು ಬೇಕು ಅಂದರೆ 'ಸಂಕೋಫಾ' ನೋಡಿ. ಇಥಿಯೋಪಿಯಾದಲ್ಲಿ ಹುಟ್ಟಿದ ಹೈಲೆ ಗೆರಿಮಾ ಅವರದು, 1993. ಘಾನಾದ ಕೇಪ್ ಕೋಸ್ಟ್ ಕೋಟೆಯಲ್ಲಿ ಫೋಟೋಶೂಟ್‌ಗೆ ಬಂದ ಇವತ್ತಿನ ಮಾಡೆಲ್ ಒಬ್ಬಳು, ನೆಲಮಾಳಿಗೆಗೆ ಇಳಿದವಳು, ಹಿಂದಿನ ಕಾಲಕ್ಕೆ ಹೋಗಿ ತೋಟದ ಗುಲಾಮಳಾಗುತ್ತಾಳೆ. ಮೊದಲು ಎಲ್ಲಕ್ಕೂ ತಲೆ ಬಗ್ಗಿಸುವವಳು ಮಚ್ಚು ಎತ್ತುವ ತನಕ ಹೇಗೆ ಬಂದಳು ಅನ್ನುವುದೇ ಸಿನಿಮಾ. ತನ್ನವರಿಗೇ ಚಾಟಿ ಬೀಸಬೇಕಾದ ಮೇಸ್ತ್ರಿಯ ಸಂಕಟವೂ ಇದೆ, ಅದನ್ನು ಬೇರೆ ಸಿನಿಮಾಗಳು ಮುಟ್ಟುವುದೇ ಕಡಿಮೆ. ಹಂಚುವವರು ಸಿಗದೆ ಗೆರಿಮಾ ತಾವೇ ಥಿಯೇಟರ್ ಬಾಡಿಗೆ ಹಿಡಿದು ತೋರಿಸಿದರು. 2021ರಲ್ಲಿ ರಿಪೇರಿಯಾದ ಪ್ರಿಂಟ್ ನೆಟ್‌ಫ್ಲಿಕ್ಸ್‌ಗೆ ಬಂತು. ಮೇಡಂ, ಅತ್ಯಾಚಾರದ ದೃಶ್ಯ ಇದೆ. ಒಬ್ಬರೇ ಮೊದಲು ನೋಡಿ, ಹುಡುಗಿಯರಿಗೆ ಮುಂಚೆಯೇ ಹೇಳಿ, ಬೇಡ ಅಂದವರು ಹೊರಗೆ ಹೋಗಲಿ. ನಾನು ಇಲ್ಲಿನ ಗೆಳತಿಯರಿಗೆ ಹೇಳದೆ ಹಾಕಿ ಪೇಚಿಗೆ ಸಿಕ್ಕಿಕೊಂಡಿದ್ದೆ.

ಮಂಗಳೂರಿನ ಬಾಯಿ

ನಮ್ಮ ಇಗರ್ಜಿಯಲ್ಲಿ ಪವಿತ್ರ ಗುರುವಾರ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಹೋದ ವರ್ಷ ಅದು ಮುಗಿಸಿ ಮನೆಗೆ ಬಂದು, ಮಗ ಹಾಕಿದ ಕ್ಯೂಬಾದ ಸಿನಿಮಾ ನೋಡಿದೆ. 'ಲಾ ಉಲ್ತಿಮಾ ಸೇನಾ', ಕೊನೆಯ ಭೋಜನ, ತೊಮಾಸ್ ಗುತಿಯೆರೆಸ್ ಆಲೆಯಾ, 1976. ಕಬ್ಬಿನ ಗಾಣದ ಯಜಮಾನ, ದೊಡ್ಡ ದೈವಭಕ್ತ. ಗುರುವಾರ ಹನ್ನೆರಡು ಗುಲಾಮರ ಕಾಲು ತೊಳೆದು, ಮೇಜಿಗೆ ಕೂರಿಸಿ ಊಟ ಹಾಕುತ್ತಾನೆ. ತಾನು ಯೇಸು, ಅವರು ಶಿಷ್ಯರು! ಕುಡಿದು, ತಾಳ್ಮೆಯಿಂದ ನೋವು ಸಹಿಸುವುದೇ ಸುಖ ಅಂತ ಉಪದೇಶ ಮಾಡುತ್ತಾನೆ. ನಾಳೆ ಶುಭ ಶುಕ್ರವಾರ, ಕೆಲಸ ಇಲ್ಲ ಅಂತ ಮಾತು ಕೊಡುತ್ತಾನೆ. ಬೆಳಿಗ್ಗೆ ಮೇಲ್ವಿಚಾರಕ ಬಂದು ಎಬ್ಬಿಸಿದ, ಅವರು ಏಳಲಿಲ್ಲ. ಅಲ್ಲಿಂದ ದಂಗೆ.

ಊಟದ ದೃಶ್ಯ ತುಂಬಾ ಉದ್ದ. ಬೇಸರ ಬರುತ್ತದೆ ಅಂದುಕೊಂಡರೆ, ಬರಲಿಲ್ಲ. ಓಡಿಹೋಗಿದ್ದಕ್ಕೆ ಕಿವಿ ಕತ್ತರಿಸಿಕೊಂಡ ಸೆಬಾಸ್ತಿಯಾನ್ ಅಂತ ಒಬ್ಬ ಇದ್ದಾನೆ, ಎಲ್ಲರೂ ನಗುವಾಗ ಅವನೊಬ್ಬ ನಗುವುದಿಲ್ಲ. ಕೊನೆಗೆ ಹನ್ನೊಂದು ತಲೆ ಕಂಬಕ್ಕೆ ಏರುತ್ತವೆ, ಹನ್ನೆರಡನೇ ಕಂಬ ಖಾಲಿ. ಅವನು ಓಡುತ್ತಿದ್ದಾನೆ. ಯಜಮಾನರು, ಅಂದರೆ ನಮ್ಮ ಮನೆಯವರು, "ಇನ್ನು ಮೇಲೆ ಕಾಲು ತೊಳೆಯುವಾಗ ನನಗೆ ಇದೇ ನೆನಪಾಗುತ್ತದೆ" ಅಂತ ಗೊಣಗಿದರು.

ಹೈಸ್ಕೂಲ್ ಮೇಷ್ಟ್ರು, ಯಲ್ಲಾಪುರ

ನಾನು ತೋರಿಸಿದ್ದು 'ಕಿಲೊಂಬೊ', ಬ್ರೆಜಿಲ್, 1984, ಕಾಕಾ ದಿಯೆಗಿಸ್. ಪೋರ್ಚುಗೀಸರ ಕಬ್ಬಿನ ತೋಟದಿಂದ ಓಡಿಹೋದವರು ಕಾಡಿನಲ್ಲಿ ಪಲ್ಮಾರೆಸ್ ಅಂತ ತಮ್ಮದೇ ನಾಡು ಕಟ್ಟಿದರು. ಹದಿನೇಳನೇ ಶತಮಾನದ ಬಹುಪಾಲು ಅದು ನಿಂತಿತ್ತು. 1678ರಲ್ಲಿ ರಾಜ ಗಂಗಾ ಜುಂಬಾ ಸಂಧಿಗೆ ಒಪ್ಪಿದ, ಜುಂಬಿ ಒಪ್ಪಲಿಲ್ಲ. 1695ರ ನವೆಂಬರ್ 20ಕ್ಕೆ ಜುಂಬಿಯನ್ನು ಕೊಂದರು. ಆ ದಿನ ಈಗ ಬ್ರೆಜಿಲ್‌ನಲ್ಲಿ ರಜೆ. ಯಾರು ಸರಿ, ಗಂಗಾ ಜುಂಬಾನೋ ಜುಂಬಿಯೋ ಅಂತ ಬಿಟ್ಟರೆ ಸಾಕು, ಒಂದು ಗಂಟೆ ಜಗಳ ಆಗುತ್ತದೆ.

ಬಣ್ಣ, ಕುಣಿತ, ಜಿಲ್ಬೆರ್ತೊ ಜಿಲ್ ಅವರ ಹಾಡು. ನಮ್ಮ ಮಕ್ಕಳು "ಸರ್, ಬಯಲಾಟ ಇದ್ದ ಹಾಗಿದೆ" ಅಂದರು. ನಿಜ, ವಾಸ್ತವದ ಹಂಗು ಅದಕ್ಕಿಲ್ಲ. ನನ್ನ ಕ್ಲಾಸಿನಲ್ಲಿ ಸಿದ್ದಿ ಮಕ್ಕಳಿದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ಓಡಿಬಂದು ನಮ್ಮ ಘಟ್ಟದ ಕಾಡು ಸೇರಿದವರೂ ಇದ್ದರು, ಇಲ್ಲಿನ ಸಿದ್ದಿಗಳ ಹಿರಿಯರಲ್ಲಿ ಅವರೂ ಸೇರಿದ್ದಾರೆ. ಸಿನಿಮಾದಲ್ಲಿ ಡೋಲು ಶುರುವಾದ ಕೂಡಲೇ ಒಬ್ಬ ಹುಡುಗ "ನಮ್ಮ ಡಮಾಮಿ" ಅಂತ ಬೆಂಚು ಬಡಿಯೋಕೆ ಶುರು ಮಾಡಿದ. ನಾನು ನಿಲ್ಲಿಸಲಿಲ್ಲ.

ಇನ್ನೊಂದು ವಿಷಯ, ಸಬ್‌ಟೈಟಲ್. ಇಂಗ್ಲಿಷ್ ಅಕ್ಷರ ಓದುವಷ್ಟರಲ್ಲಿ ದೃಶ್ಯ ಹೋಗಿರುತ್ತದೆ. ನಾನು ಹಿಂದಿನ ದಿನವೇ ಇಡೀ ಕತೆ ಕನ್ನಡದಲ್ಲಿ ಹೇಳಿಬಿಡುತ್ತೇನೆ, ಕೊನೆಯನ್ನೂ ಸೇರಿಸಿ. ರುಚಿ ಕೆಡುತ್ತದೆ ಅಂತ ಹೆದರಬೇಡಿ. ಆಟ ನೋಡುವವರಿಗೆಲ್ಲ ಪ್ರಸಂಗ ಗೊತ್ತೇ ಇರುತ್ತದೆ.

ಸಾಫ್ಟ್‌ವೇರ್ ಕೆಲಸ, ಬೆಂಗಳೂರು

ಇಲ್ಲಿ ತನಕ ಬಂದ ಎಲ್ಲದರಲ್ಲೂ ಸೋಲೇ. ಶಿಲುಬೆ, ನೇಣು, ಕಂಬ. ಗೆದ್ದ ಕತೆ ಒಂದೂ ಇಲ್ವಾ?

ಹಳೇ ಫಿಲ್ಮ್ ಸೊಸೈಟಿಯವರು, ಮೈಸೂರು

ಒಳ್ಳೇ ಪ್ರಶ್ನೆ. ಸ್ಪೀಲ್‌ಬರ್ಗ್ ಅವರ 'ಅಮಿಸ್ತಾದ್' (1997) ಇದೆ. 1839ರಲ್ಲಿ ಕ್ಯೂಬಾ ಹತ್ತಿರ ಸೆಂಬೆ ಪಿಯೆ, ಅಂದರೆ ಸಿಂಕೆ ಮತ್ತು ಜೊತೆಗಾರರು ತಮ್ಮನ್ನು ಗುಲಾಮರಾಗಿ ಸಾಗಿಸುತ್ತಿದ್ದ ಹಡಗು ವಶ ಮಾಡಿಕೊಂಡರು. 1841ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು, ಬದುಕುಳಿದ 35 ಜನ ಸಿಯೆರಾ ಲಿಯೋನ್‌ಗೆ ವಾಪಸ್ ಹೋದರು. ಆದರೆ ದಂಗೆ ಮೊದಲ ಕೆಲವೇ ನಿಮಿಷ. ಆಮೇಲೆಲ್ಲ ವಕೀಲರು. ಆ ಮೊದಲ ಭಾಗ ತೋರಿಸಿ ಲೈಟ್ ಹಾಕಿ.

ನಿಜವಾಗಿ ಗೆದ್ದದ್ದು ಹೈಟಿ, ಆಗ ಫ್ರಾನ್ಸಿನ ವಸಾಹತು. 1791ರ ಆಗಸ್ಟ್‌ನಲ್ಲಿ ಕಬ್ಬಿನ ಬಯಲಿಗೆ ಬೆಂಕಿ ಇಟ್ಟರು. ದಂಗೆಯ ನಾಯಕ ಟೂಸೆಂಟ್ ಲೂವರ್ಚೂರ್‌ನನ್ನು ಮೋಸದಿಂದ ಹಿಡಿದು ಫ್ರಾನ್ಸಿನ ಜೈಲಿಗೆ ಹಾಕಿದರು, 1803ರಲ್ಲಿ ಅಲ್ಲೇ ಸತ್ತ. ಆದರೂ ದೆಸಾಲಿನ್ ನೇತೃತ್ವದಲ್ಲಿ ನೆಪೋಲಿಯನ್ನನ ಸೈನ್ಯವನ್ನು ಸೋಲಿಸಿ 1804ರ ಜನವರಿ 1ಕ್ಕೆ ಸ್ವತಂತ್ರ ದೇಶ ಘೋಷಿಸಿದರು. ಎರಡು ದಶಕದ ಮೇಲೆ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು! ಗೆದ್ದ ಗುಲಾಮರು ಸೋತ ಯಜಮಾನರಿಗೆ ದುಡ್ಡು ಕಟ್ಟಬೇಕಾಯಿತು.

ಇಷ್ಟು ದೊಡ್ಡ ಕತೆಗೆ ದೊಡ್ಡ ಸಿನಿಮಾ ಇಲ್ಲ. 2012ರಲ್ಲಿ ಫ್ರೆಂಚ್ ಟೀವಿ ಎರಡು ಭಾಗದಲ್ಲಿ ಟೂಸೆಂಟ್ ಕತೆ ಮಾಡಿತು, ಅಷ್ಟೆ. ನಟ ಡ್ಯಾನಿ ಗ್ಲೋವರ್ ವರ್ಷಾನುಗಟ್ಟಲೆ ಓಡಾಡಿದರು. ಇದರಲ್ಲಿ ಬಿಳಿ ಹೀರೋ ಎಲ್ಲಿದ್ದಾನೆ ಅಂತ ನಿರ್ಮಾಪಕರು ಕೇಳುತ್ತಿದ್ದರು ಅಂತ ಅವರೇ ಹೇಳಿಕೊಂಡಿದ್ದಾರೆ.

ನಿವೃತ್ತ ಮೇಷ್ಟ್ರು, ಧಾರವಾಡ

ಒಂದು ಮಾತು ಬಿಟ್ಟೆ. ಯಾವ ಸಿನಿಮಾ ಹಾಕಿದರೂ ಯಾರೋ ಒಬ್ಬರು ಜೀತದ ಮಾತು ತೆಗೆಯುತ್ತಾರೆ. "ನಮ್ಮಜ್ಜ ಗೌಡರ ಮನೆಯಲ್ಲಿ ಜೀತ ಇದ್ದ" ಅಂತ ನನ್ನ ಕ್ಲಾಸಿನಲ್ಲಿ ಒಬ್ಬ ಹೇಳಿದ. ಮುಂದಿನ ಬೆಂಚಿನಲ್ಲಿ ಗೌಡರ ಮೊಮ್ಮಗ ಕೂತಿದ್ದ. ಎರಡೂ ಒಂದೇ ಅಲ್ಲ. ಅಲ್ಲಿ ಮನುಷ್ಯನನ್ನೂ ಅವನ ಮಕ್ಕಳನ್ನೂ ಸಂತೆಯಲ್ಲಿ ಮಾರಬಹುದಿತ್ತು, ಇಲ್ಲಿ ಸಾಲ ಮತ್ತು ಜಾತಿ ಕಟ್ಟಿಹಾಕುತ್ತಿದ್ದವು. 1976ರಲ್ಲಿ ಜೀತ ಪದ್ಧತಿ ರದ್ದು ಮಾಡುವ ಕಾನೂನು ಬಂತು. ಆ ವ್ಯತ್ಯಾಸ ಹೇಳಿ, ಆದರೆ ಹುಡುಗನನ್ನು "ಅದು ಬೇರೆ ವಿಷಯ" ಅಂತ ಕೂರಿಸಬೇಡಿ. ನಾನು ಆ ದಿನ ಕೂರಿಸಿದೆ. ಅವನು ಆಮೇಲೆ ನನ್ನ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ.

ಇತಿಹಾಸದ ಮೇಡಂ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಮೊದಲ ಶನಿವಾರ ಬುರುಡೆಯ ದೃಶ್ಯ, ನೀರು ಕುಡಿಸುವ ಶಾಟ್, 'ಅಮಿಸ್ತಾದ್' ಶುರು, ಮೂರನ್ನೂ ಹಾಕುತ್ತೇನೆ. ಎರಡನೇದು 'ಕಿಲೊಂಬೊ', ಮೂರನೇದು 'ಬರ್ನ್!'. ಕ್ಯೂಬಾದ್ದು, 'ಸಂಕೋಫಾ' ಎರಡನ್ನೂ ನಾನು ಮೊದಲು ನೋಡುತ್ತೇನೆ. ನಾಲ್ಕನೇ ಶನಿವಾರ ಸಿನಿಮಾ ಇಲ್ಲ. ಹೈಟಿಯ ಕತೆಯನ್ನು ನಕ್ಷೆ ಇಟ್ಟುಕೊಂಡು ನಾನೇ ಹೇಳುತ್ತೇನೆ, ಅದಕ್ಕೆ ಸಿನಿಮಾ ಯಾಕಿಲ್ಲ ಅನ್ನುವುದನ್ನೂ ಸೇರಿಸಿ. ಹಿಂದಿನ ಬೆಂಚಿನ ಹುಡುಗನಿಗೆ ನಕ್ಷೆ ಬರೆಯೋಕೆ ಹೇಳಿದ್ದೇನೆ. ಹೈಟಿ ಎಲ್ಲಿದೆ ಅಂತ ಕೇಳಿಕೊಂಡು ಹೋಗಿದ್ದಾನೆ.

ಹೈಸ್ಕೂಲ್ ಮೇಷ್ಟ್ರು, ಯಲ್ಲಾಪುರ

ಮೇಡಂ, ಸ್ಪೀಕರ್ ಬೇರೆ ತಗೊಂಡು ಹೋಗಿ. ಪ್ರೊಜೆಕ್ಟರಿನದು ಮೂರನೇ ಬೆಂಚಿಗೇ ಕೇಳಿಸುವುದಿಲ್ಲ.