ಕುವೈತ್‌ನಲ್ಲಿ ಪೆಟ್ರೋಲ್ 85 ಫಿಲ್ಸ್: ಇಲ್ಲಿ ಹೈಬ್ರಿಡ್ ಕಾರ್ ತಗೊಂಡು ಏನು ಲಾಭ?

ಕಾಪು ಕರಾವಳಿ:

ಎಲ್ಲರಿಗೂ ನಮಸ್ಕಾರ. ನನ್ನ ರೂಮ್ ಮಂಗಫ್‌ನಲ್ಲಿ, ಕೆಲಸ ಶುವೈಖ್‌ನಲ್ಲಿ. ಒಂದು ಕಡೆಗೆ ಹತ್ತಿರ ಹತ್ತಿರ 40 ಕಿಲೋಮೀಟರ್. ಇಷ್ಟು ದಿನ ಕಂಪನಿ ಬಸ್ಸಿನಲ್ಲೇ ನಡೆಯಿತು. ಈಗ ಲೈಸೆನ್ಸ್ ಸಿಕ್ಕಿದೆ, ಹೆಂಡತಿ ಮಗುವನ್ನೂ ಕರೆಸಿಕೊಂಡಿದ್ದೇನೆ. ಇನ್ನು ಕಾರ್ ಇಲ್ಲದೆ ಆಗುವುದಿಲ್ಲ.

ನೋಡಿಟ್ಟಿರುವುದು ಒಂದು ಸೆಡಾನ್. ಅದೇ ಕಾರು ಪೆಟ್ರೋಲ್‌ನಲ್ಲೂ ಇದೆ, ಹೈಬ್ರಿಡ್‌ನಲ್ಲೂ (ಪೆಟ್ರೋಲ್ ಎಂಜಿನ್ ಜೊತೆ ಮೋಟರ್, ಬ್ಯಾಟರಿ ಇರುವುದು) ಇದೆ. ಶೋರೂಮಿನವರು ಹೈಬ್ರಿಡ್‌ಗೆ 1,000 ದಿನಾರ್ ಜಾಸ್ತಿ ಹೇಳಿದರು. "ಪೆಟ್ರೋಲ್ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ" ಎಂದು ಸೇಲ್ಸ್‌ನವನ ಮಾತು. ಗೆಳೆಯರಿಗೆ ಹೇಳಿದರೆ ನಗುತ್ತಾರೆ. ಅಂಗಡಿಯ ನೀರಿನ ಬಾಟಲಿಗಿಂತ ಪೆಟ್ರೋಲ್ ಅಗ್ಗ ಇರುವ ಊರಲ್ಲಿ ಇದೆಂಥ ಲೆಕ್ಕಾಚಾರ ಅಂತ. ಆ ಕಡೆ ಉಡುಪಿಯಲ್ಲಿ ನನ್ನ ಭಾವ ಹೈಬ್ರಿಡ್ ತಗೊಂಡು, "ಲೀಟರಿಗೆ 22 ಬಂತು" ಎಂದು ಮೀಟರಿನ ಫೋಟೋ ದಿನಾ ವಾಟ್ಸಾಪ್‌ಗೆ ಹಾಕುತ್ತಿದ್ದಾನೆ. ನಾನು ಯಾರ ಮಾತು ಕೇಳಬೇಕು?

ಇನ್ನೊಂದು ಭಯ ಬ್ಯಾಟರಿಯದ್ದು. ಈ ಬಿಸಿಲಿಗೆ ಅದು ತಡೆಯುತ್ತದಾ? ನಾನು ಇಲ್ಲಿ ಇನ್ನು ಐದಾರು ವರ್ಷ ಇರಬಹುದು, ಅದಕ್ಕಿಂತ ಹೆಚ್ಚು ಗ್ಯಾರಂಟಿ ಇಲ್ಲ.

ಸಾಲ್ಮಿಯಾ ಸುರೇಶ:

ಪೆಟ್ರೋಲ್ ಕಾರೇ ತಗೊಳ್ಳಿ ಮಾರಾಯ್ರೆ. ಫುಲ್ ಟ್ಯಾಂಕಿಗೆ ಐದು ದಿನಾರ್ ಕೊಟ್ಟರೆ ಚಿಲ್ಲರೆ ವಾಪಸ್ ಬರುತ್ತದೆ. ಇದರಲ್ಲಿ ಉಳಿಸಿ ಎಂಥ ಮಾಡ್ತೀರಿ? ಆ 1,000 ದಿನಾರ್‌ನಲ್ಲಿ ಮೂರು ಜನ ಊರಿಗೆ ಹೋಗಿ ಬಂದು, ಇನ್ನೂ ಮಿಗುತ್ತದೆ.

ಫಹಾಹೀಲ್ ಶೆಣೈ:

ಸುರೇಶ್ ಹೇಳಿದ್ದು ಸರಿ. ಆದರೂ ಒಮ್ಮೆ ಲೆಕ್ಕ ಹಾಕಿ ನೋಡೋಣ. ನಾನು ಇಲ್ಲಿಗೆ ಬಂದು 20 ವರ್ಷದ ಮೇಲಾಯಿತು. ಕೆಲಸ ಒಂದು ಕಂಪನಿಯ ಗಾಡಿಗಳನ್ನು ನೋಡಿಕೊಳ್ಳುವುದು. ಅದರಲ್ಲಿ ಪೆಟ್ರೋಲ್, ಡೀಸೆಲ್, ಹೈಬ್ರಿಡ್ ಮೂರೂ ಇವೆ.

ಶುಕ್ರವಾರ, ಶನಿವಾರದ ಸುತ್ತಾಟ ಸೇರಿಸಿ ನಿಮ್ಮದು ವರ್ಷಕ್ಕೆ 24,000 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಇಲ್ಲಿನ ಎಸಿ ಹಾಕಿಕೊಂಡು ಓಡಿಸಿದರೆ ಆ ಗಾತ್ರದ ಪೆಟ್ರೋಲ್ ಸೆಡಾನ್ 100 ಕಿಲೋಮೀಟರಿಗೆ 9 ಲೀಟರ್ ಕುಡಿಯುತ್ತದೆ. ಅದರ ಹೈಬ್ರಿಡ್‌ಗೆ 6 ಲೀಟರ್ ಹಿಡಿಯಿರಿ. ಬ್ರೋಷರಿನಲ್ಲಿ ಇನ್ನೂ ಕಡಿಮೆ ಬರೆದಿರುತ್ತಾರೆ, ಅದನ್ನು ಪಕ್ಕಕ್ಕಿಡಿ. ವರ್ಷಕ್ಕೆ ಉಳಿಯುವುದು 720 ಲೀಟರ್. ಮುಮ್ತಾಜ್ ಹಾಕಿಸಿದರೆ, ಅಂದರೆ 91 ಆಕ್ಟೇನಿನ ಪೆಟ್ರೋಲ್, ಲೀಟರಿಗೆ 85 ಫಿಲ್ಸ್ (ಸಾವಿರ ಫಿಲ್ಸ್‌ಗೆ ಒಂದು ದಿನಾರ್). ಒಟ್ಟು 61 ದಿನಾರ್ ಚಿಲ್ಲರೆ. ತಿಂಗಳಿಗೆ ಐದು ದಿನಾರ್! ಶೋರೂಮಿನಲ್ಲಿ ಜಾಸ್ತಿ ಕೊಟ್ಟ 1,000 ದಿನಾರ್ ಹೀಗೆ ವಾಪಸ್ ಬರಲು 16 ವರ್ಷ ಬೇಕು. ನಿಮ್ಮ ಮಗುವೇ ಆಗ ಲೈಸೆನ್ಸಿಗೆ ಓಡಾಡುತ್ತಿರುತ್ತದೆ. 105 ಫಿಲ್ಸಿನ ಖುಸೂಸಿ, ಅಂದರೆ 95 ಆಕ್ಟೇನಿನದು, ಹಾಕಿಸಿದರೂ 13 ವರ್ಷ ಆಗುತ್ತದೆ.

ಅರ್ಧಕ್ಕರ್ಧ ಇಳಿಯುವ ಮಾತು ನಿಮ್ಮ ದಾರಿಗೆ ಹೊಂದುವುದಿಲ್ಲ. ಹೈಬ್ರಿಡ್ ಉಳಿಸುವುದು ನಿಂತು ನಿಂತು ಹೋಗುವ ಕಡೆ. ಬ್ರೇಕ್ ಒತ್ತಿದಾಗ ಮೋಟರ್ ತಿರುಗಿ ಕರೆಂಟ್ ಮಾಡಿ ಬ್ಯಾಟರಿಗೆ ತುಂಬುತ್ತದೆ. ಮತ್ತೆ ಹೊರಡುವಾಗ ಅದೇ ಕರೆಂಟು ಗಾಡಿಯನ್ನು ತಳ್ಳುತ್ತದೆ. ನೀವು 40ನೇ ನಂಬರ್ ರಸ್ತೆಯಲ್ಲಿ 120ರಲ್ಲಿ ಹೋದರೆ ಬ್ರೇಕ್ ಎಲ್ಲಿ ಒತ್ತುತ್ತೀರಿ? ಎಂಜಿನ್ನೇ ದುಡಿಯಬೇಕು. ಬೆಳಿಗ್ಗೆ ಜಾಮ್ ಆದಾಗ ಸಿಗುವ ಲಾಭವೇ ಲಾಭ. ಅದು ಇಲ್ಲಿ ದಿನಾ ಆಗುತ್ತದೆ ಬಿಡಿ.

ಇಷ್ಟೆಲ್ಲ ಹೇಳಿದ ನಾನು ಮನೆಗೆ ಇಟ್ಟುಕೊಂಡಿರುವುದು ಹೈಬ್ರಿಡ್ಡೇ. ಅದಕ್ಕೆ ಕಾರಣ ಎಸಿ.

ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಎಸಿ ಕಂಪ್ರೆಸರನ್ನು ಎಂಜಿನ್ ಬೆಲ್ಟ್ ಮೂಲಕ ತಿರುಗಿಸುತ್ತದೆ. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ನಿಧಾನ, ಕಂಪ್ರೆಸರೂ ನಿಧಾನ. ಜುಲೈ ಮಧ್ಯಾಹ್ನ ಐದನೇ ರಿಂಗ್ ರೋಡಿನಲ್ಲಿ ಸಿಕ್ಕಿಹಾಕಿಕೊಂಡಾಗ ಎಸಿಯಿಂದ ಉಗುರುಬೆಚ್ಚಗಿನ ಗಾಳಿ ಬರುತ್ತದಲ್ಲ, ಅದು ಇದರಿಂದ. ಫುಲ್ ಹೈಬ್ರಿಡ್‌ನಲ್ಲಿ, ಅಂದರೆ ಬರೀ ಮೋಟರ್ ಮೇಲೂ ಓಡಬಲ್ಲ ಗಾಡಿಯಲ್ಲಿ, ಕಂಪ್ರೆಸರಿಗೆ ತನ್ನದೇ ಮೋಟರ್. ದೊಡ್ಡ ಬ್ಯಾಟರಿಯ ಕರೆಂಟಿನಲ್ಲಿ ಓಡುತ್ತದೆ. ಎಂಜಿನ್ ನಿಂತಿದ್ದರೂ ಅದರ ವೇಗ ಇಳಿಯುವುದಿಲ್ಲ. 2016ರ ಜುಲೈನಲ್ಲಿ ಇದೇ ದೇಶದ ಮಿತ್ರಿಬಾದಲ್ಲಿ ಬಿಸಿಲು 54 ಡಿಗ್ರಿ ಹತ್ತಿರ ಹೋಗಿತ್ತು. ಇಂಥ ಕಡೆ ಹಿಂದಿನ ಸೀಟಿನಲ್ಲಿ ಚಿಕ್ಕ ಮಗು ಇರುವಾಗ ಇದು ಸಣ್ಣ ವಿಷಯ ಅಲ್ಲ.

ಇಲ್ಲಿನವರ ಅಭ್ಯಾಸ ನೀವೂ ನೋಡಿರುತ್ತೀರಿ. ಬಕಾಲದ (ಕಿರಾಣಿ ಅಂಗಡಿಯ) ಎದುರು ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ, ಹಾರ್ನ್ ಹೊಡೆದು ಕರಕ್ ಚಹಾ ತರಿಸಿಕೊಳ್ಳುವುದು. ಶಾಲೆಯ ಗೇಟಿನ ಮುಂದೆಯೂ ಅಷ್ಟೇ, ಅರ್ಧ ಗಂಟೆ ಎಲ್ಲ ಗಾಡಿಗಳೂ ಗುರ್ ಅಂತ ನಿಂತಿರುತ್ತವೆ. ಹೈಬ್ರಿಡ್ ಅಲ್ಲಿ ಸುಮ್ಮನೆ ಇರುತ್ತದೆ. ಹಾಗಂತ ಗಂಟೆಗಟ್ಟಲೆ ಬ್ಯಾಟರಿಯಲ್ಲೇ ಓಡುತ್ತದೆ ಎಂದು ತಿಳಿಯಬೇಡಿ. ಆ ಬ್ಯಾಟರಿಯಲ್ಲಿ ಒಂದು, ಒಂದೂವರೆ ಯೂನಿಟ್ ಕರೆಂಟ್ ಹಿಡಿದರೆ ಹೆಚ್ಚು. ಪೂರ್ತಿ ಖಾಲಿಯಾಗಲೂ ಗಾಡಿ ಬಿಡುವುದಿಲ್ಲ. ಈ ಸೆಕೆಗೆ ಆಗಾಗ ಎಂಜಿನ್ ತಾನೇ ಎದ್ದು ತುಂಬಿಸಿ ಮತ್ತೆ ಮಲಗುತ್ತದೆ.

ಬ್ಯಾಟರಿ ವಿಷಯಕ್ಕೆ ಬರೋಣ. ಬಿಸಿ ಅದಕ್ಕೆ ಆಗುವುದಿಲ್ಲ, ಅದು ನಿಜ. ಆದರೆ ಅದನ್ನು ತಂಪು ಮಾಡುವುದು ನಿಮ್ಮ ಕ್ಯಾಬಿನ್ನಿನದೇ ಗಾಳಿ. ಹಿಂದಿನ ಸೀಟಿನ ಹತ್ತಿರ ಒಂದು ಜಾಲರಿ ಇರುತ್ತದೆ, ಅದರ ಒಳಗೆ ಒಂದು ಫ್ಯಾನು. ಎಷ್ಟೋ ಮಾಡೆಲ್‌ಗಳಲ್ಲಿ ಒಂದು ಸಣ್ಣ ಫಿಲ್ಟರೂ ಇದೆ. ಕುವೈತಿನ ಧೂಳು ಗೊತ್ತಲ್ಲ. ಆ ಫಿಲ್ಟರ್ ಕಟ್ಟಿಕೊಂಡರೆ ಬ್ಯಾಟರಿಗೆ ಗಾಳಿ ಇಲ್ಲ. ನಮ್ಮ ವರ್ಕ್‌ಶಾಪಿಗೆ "ಬ್ಯಾಟರಿ ಹೋಯಿತು" ಎಂದು ಅಳುತ್ತಾ ಬಂದ ಒಂದು ಗಾಡಿಯ ಜಾಲರಿಗೆ ಮಕ್ಕಳ ಜಾಕೆಟ್ ಒತ್ತಿಕೊಂಡಿತ್ತು. ಒಳಗಿನ ಫಿಲ್ಟರ್ ಕಂಬಳಿಯ ಹಾಗೆ ಆಗಿತ್ತು. ಕ್ಲೀನ್ ಮಾಡಿದ ಮೇಲೆ ವಾರ್ನಿಂಗ್ ಲೈಟ್ ಮತ್ತೆ ಬರಲಿಲ್ಲ. ಹೊಸ ಬ್ಯಾಟರಿ ಹಾಕೋಣ ಎಂದು ಯಾರಾದರೂ ಹೇಳಿದರೆ ಮೊದಲು ಇದನ್ನು ತೆಗೆದು ತೋರಿಸಲು ಹೇಳಿ.

ಬಾಕಿ ಹಾಗೆ ರಿಪೇರಿ ಕಡಿಮೆ. ಟೊಯೊಟಾ ಥರದ ಹೈಬ್ರಿಡ್‌ನಲ್ಲಿ ಬೇರೆ ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಬ್ರೇಕ್ ಪ್ಯಾಡ್ ತುಂಬಾ ದಿನ ಬರುತ್ತದೆ. ಗೇರ್‌ಬಾಕ್ಸ್ ಬರೀ ಹಲ್ಲುಗಳ ಜೋಡಣೆ, ಅದರಲ್ಲಿ ಬೆಲ್ಟ್ ಇಲ್ಲ.

ನನ್ನ ಮಾತು ಇಷ್ಟು: ಪೆಟ್ರೋಲ್ ಉಳಿಸಲು ತಗೊಳ್ಳುವುದಾದರೆ ಬೇಡ. ತಂಪಿಗೆ, ಸದ್ದಿಲ್ಲದ್ದಕ್ಕೆ 1,000 ದಿನಾರ್ ಕೊಡಲು ಮನಸ್ಸಿದ್ದರೆ ತಗೊಳ್ಳಿ. ಆರು ವರ್ಷ ಇಟ್ಟುಕೊಂಡರೆ ಪೆಟ್ರೋಲಿನಿಂದ 360 ದಿನಾರ್ ವಾಪಸ್. ಉಳಿದ 640 ನಿಮ್ಮ ಸುಖಕ್ಕೆ ಕೊಟ್ಟಿದ್ದು.

ದುಬೈ ಹಾಸನ:

ಶೆಣೈಯವರ ಲೆಕ್ಕ ಚೆನ್ನಾಗಿದೆ, ಆದರೆ 85 ಫಿಲ್ಸ್ ಹಾಗೇ ಇರುತ್ತದೆ ಎಂದು ನಂಬಿಕೊಂಡಿದ್ದೀರಿ. ಯುಎಇಯಲ್ಲಿ 2015ರ ಆಗಸ್ಟ್‌ನಲ್ಲಿ ಸರ್ಕಾರ ಬೆಲೆ ಹಿಡಿದಿಡುವುದನ್ನು ಬಿಟ್ಟಿತು. ಈಗ ಪ್ರತಿ ತಿಂಗಳು ಹೊಸ ರೇಟು. 2020ರಲ್ಲಿ ಕೊರೊನಾ ಕಾಲದಲ್ಲಿ ಸ್ಪೆಷಲ್ 95 ಲೀಟರಿಗೆ 1.80 ದಿರಾಮ್ ಇತ್ತು. 2022ರ ಜುಲೈಗೆ 4.52. ಅದೇ ಕಾರು, ಅದೇ 720 ಲೀಟರ್. ಒಂದು ಸಲ 1,300 ದಿರಾಮ್, ಇನ್ನೊಂದು ಸಲ 3,250. ಸೌದಿಯಲ್ಲಿ ನೋಡಿ. 2015ರಲ್ಲಿ 91 ಪೆಟ್ರೋಲ್ ಲೀಟರಿಗೆ 45 ಹಲಾಲ, ಅಂದರೆ 0.45 ರಿಯಾಲ್. 2021ರಲ್ಲಿ 2.18 ರಿಯಾಲ್‌ಗೆ ಬಂದ ಮೇಲೆ "ಇದಕ್ಕಿಂತ ಮೇಲೆ ಹೋಗಲು ಬಿಡುವುದಿಲ್ಲ" ಎಂದು ಅಲ್ಲಿ ಮಿತಿ ಹಾಕಿದರು. ಆರು ವರ್ಷದಲ್ಲಿ ಹತ್ತಿರ ಹತ್ತಿರ ಐದು ಪಟ್ಟು!

ಇನ್ನೊಂದು. ಇಲ್ಲಿ ದುಬೈನಲ್ಲಿ ಟ್ಯಾಕ್ಸಿ ಹತ್ತಿದರೆ ಹೆಚ್ಚಾಗಿ ಸಿಗುವುದು ಹೈಬ್ರಿಡ್ ಕ್ಯಾಮ್ರಿ. ಆ ಗಾಡಿಗಳಿಗೆ ಹಗಲೂ ರಾತ್ರಿ ವಿಶ್ರಾಂತಿ ಇಲ್ಲ, ಬೇಸಿಗೆಯಲ್ಲೂ. ಬಿಸಿಲಿಗೆ ಬ್ಯಾಟರಿ ಸಾಯುತ್ತದೆ ಎನ್ನುವವರಿಗೆ ನಾನು ಅದನ್ನೇ ತೋರಿಸುವುದು.

ಫಹಾಹೀಲ್ ಶೆಣೈ:

ಹಾಸನದವರೇ, ಇಲ್ಲೂ 2016ರ ಸೆಪ್ಟೆಂಬರ್‌ನಲ್ಲಿ 60 ಇದ್ದದ್ದು 85 ಆಯಿತು, 65 ಇದ್ದದ್ದು 105. ಆಗ ದೊಡ್ಡ ಗಲಾಟೆ. ಆಮೇಲೆ ಅಲ್ಲೇ ನಿಂತಿದೆ. ಸರಿ, ನಾಳೆಯೇ ಡಬಲ್ ಆಗಲಿ. 16 ವರ್ಷ ಹೋಗಿ 8 ವರ್ಷ ಆಗುತ್ತದೆ. ಈ ಹುಡುಗ ಇಲ್ಲಿ ಇರುವುದೇ ಐದಾರು ವರ್ಷ.

ಟ್ಯಾಕ್ಸಿ ಮಾತು ಒಪ್ಪುತ್ತೇನೆ. ಆದರೆ ಟ್ಯಾಕ್ಸಿ ನಿಲ್ಲುವುದಿಲ್ಲ, ಒಳಗೆ ಯಾವಾಗಲೂ ಎಸಿ ಇರುತ್ತದೆ. ನಮ್ಮ ಗಾಡಿ ದಿನವಿಡೀ ಬಯಲಲ್ಲಿ ಒಣಗುತ್ತದೆ. ಬ್ಯಾಟರಿಗೆ ಇದೇ ಹೆಚ್ಚು ಕಷ್ಟ. ನೆರಳಿನ ಪಾರ್ಕಿಂಗ್ ಸಿಕ್ಕಿದರೆ ಬಿಡಬೇಡಿ.

ಬಿಡದಿ ಗೌಡ:

ಭಾವನ ಪರವಾಗಿ ನಾಲ್ಕು ಮಾತು ಹೇಳದೆ ಇರಲಾರೆ. ಅದೇ 720 ಲೀಟರನ್ನು ನಮ್ಮ ಕರ್ನಾಟಕದ ಬೆಲೆಯಲ್ಲಿ ಗುಣಿಸಿ. ಲೀಟರಿಗೆ ನೂರೆರಡು ರೂಪಾಯಿ ಹಿಡಿದರೂ ವರ್ಷಕ್ಕೆ 73,000. ನಿಮ್ಮ 1,000 ದಿನಾರ್ ಅಂದರೆ ಮೂರು ಲಕ್ಷದ ಹತ್ತಿರ. ನಾಲ್ಕು ವರ್ಷದ ಆಸುಪಾಸಿನಲ್ಲಿ ಬಂದುಬಿಡುತ್ತದೆ! ಅವನ ಫೋಟೋಗೆ ಬೈಯಬೇಡಿ, ಅವನ ಊರಿಗೆ ಅವನು ಮಾಡಿದ್ದು ಸರಿ.

ನಮ್ಮ ಬಿಡದಿಯ ಟೊಯೊಟಾ ಫ್ಯಾಕ್ಟರಿಯಲ್ಲಿ 2013ರಿಂದಲೇ ಹೈಬ್ರಿಡ್ ಕ್ಯಾಮ್ರಿ ಜೋಡಿಸುತ್ತಾರೆ. ಆದರೆ ಅದನ್ನು ಕೊಳ್ಳುವವರು ಎಷ್ಟು ಜನ? 2022ರಲ್ಲಿ ಹೈರೈಡರ್, ಇನೋವಾ ಹೈಕ್ರಾಸ್ ಬಂದ ಮೇಲೆ ನಮ್ಮಂಥವರೂ ಹೈಬ್ರಿಡ್ ಎಂದು ಕೇಳಲು ಶುರು ಮಾಡಿದ್ದು.

ಒಂದು ಎಚ್ಚರಿಕೆ. ಗಾಡಿಯ ಹಿಂಬದಿಯಲ್ಲಿ "ಹೈಬ್ರಿಡ್" ಎಂದು ಬರೆದಿದ್ದೆಲ್ಲ ಒಂದೇ ಅಲ್ಲ. ಮೈಲ್ಡ್ ಹೈಬ್ರಿಡ್‌ನಲ್ಲಿ ಪುಟ್ಟ ಮೋಟರ್ ಎಂಜಿನ್ನಿಗೆ ಕೈ ಜೋಡಿಸಿ ತಳ್ಳುತ್ತದೆ ಅಷ್ಟೇ. ಅದರ ಮೇಲೆ ಗಾಡಿ ತಾನಾಗಿ ಓಡುವುದಿಲ್ಲ. ಶೆಣೈಯವರು ಹೇಳಿದ ಎಸಿ ಸುಖವನ್ನು ಅದರಲ್ಲಿ ಹುಡುಕಬೇಡಿ.

ಕಾಪು ಕರಾವಳಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾವನಿಗೆ ಗೌಡರ ಲೆಕ್ಕ ಕಳಿಸಿದೆ, ಈಗ ಅವನನ್ನು ಹಿಡಿಯುವವರಿಲ್ಲ.

ಶೆಣೈ ಮಾಮ್, ಎರಡು ಪ್ರಶ್ನೆ. ಪ್ರತಿ ವರ್ಷ ಜೂನ್‌ನಲ್ಲಿ ಒಂದೂವರೆ ತಿಂಗಳು ಊರಿಗೆ ಹೋಗುತ್ತೇವೆ. ಗಾಡಿ ಅಷ್ಟು ದಿನ ನಿಂತರೆ ಬ್ಯಾಟರಿ ಕೆಡುತ್ತದಾ? ಮತ್ತೆ ಒಬ್ಬರು ಅಮೆರಿಕದಿಂದ ಬಂದ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ತೋರಿಸಿದರು. ಹೊಸ ಪೆಟ್ರೋಲ್ ಕಾರಿಗಿಂತ ತುಂಬಾ ಕಡಿಮೆ ರೇಟು. ನೋಡಬಹುದಾ?

ಫಹಾಹೀಲ್ ಶೆಣೈ:

ದೊಡ್ಡ ಬ್ಯಾಟರಿಗೆ ಒಂದೂವರೆ ತಿಂಗಳು ಏನೂ ಆಗುವುದಿಲ್ಲ. ಕೈ ಕೊಡುವುದು ಮಾಮೂಲಿ 12 ವೋಲ್ಟಿನ ಸಣ್ಣ ಬ್ಯಾಟರಿ. ಹೈಬ್ರಿಡ್‌ನಲ್ಲೂ ಅದು ಇದೆ. ಅದು ಇಳಿದುಹೋದರೆ ದೊಡ್ಡದರಲ್ಲಿ ಚಾರ್ಜ್ ಇದ್ದರೂ ಗಾಡಿ ಏಳುವುದಿಲ್ಲ. ಕೀಲಿ ಗೆಳೆಯನ ಹತ್ತಿರ ಕೊಟ್ಟು, ವಾರಕ್ಕೊಮ್ಮೆ ಮೀಟರಿನಲ್ಲಿ "ರೆಡಿ" ಲೈಟ್ ಬರುವ ಹಾಗೆ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಓಡಿಸಲು ಹೇಳಿ. ಗಾಡಿ ಸ್ಟಾರ್ಟ್ ಮಾಡದೆ ಬರೀ ಎಕ್ಸೆಸರಿಯಲ್ಲಿ ಇಟ್ಟು ಹಾಡು ಕೇಳಿದರೆ ಇದ್ದ ಚಾರ್ಜೂ ಹೋಗುತ್ತದೆ.

ಅಮೆರಿಕದ ಗಾಡಿಗೆ ನನ್ನ ಓಟು ಇಲ್ಲ. ಅಲ್ಲಿ ಗುದ್ದಿದ್ದು, ನೆರೆಯಲ್ಲಿ ಮುಳುಗಿದ್ದು ಹರಾಜಿನಲ್ಲಿ ಗಲ್ಫ್‌ಗೆ ಬರುತ್ತವೆ. ಪೆಟ್ರೋಲ್ ಕಾರಾದರೆ ಶುವೈಖ್‌ನ ಗ್ಯಾರೇಜಿನಲ್ಲಿ ಹೇಗೋ ಸರಿ ಮಾಡಿಸಬಹುದು. ನೀರು ಕುಡಿದ ಹೈಬ್ರಿಡ್‌ನ ವೈರಿಂಗ್ ಕೈಗೆ ಸಿಗುವುದಿಲ್ಲ. ಇಲ್ಲಿನ ಏಜೆನ್ಸಿ ಅದಕ್ಕೆ ವಾರಂಟಿ ಕೊಡುತ್ತದಾ ಎಂದು ಒಂದು ಫೋನ್ ಮಾಡಿ ಕೇಳಿ, ಅಲ್ಲೇ ಗೊತ್ತಾಗುತ್ತದೆ. ತೋರಿಸಿದವರು ವಿಐಎನ್ (ಗಾಡಿಯ ಗುರುತಿನ) ನಂಬರ್ ಕೊಡಲು ಹಿಂದೆ ಮುಂದೆ ನೋಡಿದರೆ ಆ ಕಡೆ ಮತ್ತೆ ಹೋಗಬೇಡಿ.

ಹೊಸದೇ ಆದರೆ ಹೈಬ್ರಿಡ್ ಬ್ಯಾಟರಿಗೆ ಎಷ್ಟು ವರ್ಷ, ಎಷ್ಟು ಕಿಲೋಮೀಟರ್ ವಾರಂಟಿ ಎಂದು ಬಾಯಿ ಮಾತಲ್ಲಿ ಬೇಡ, ಕಾಗದದಲ್ಲಿ ಬರೆಸಿಕೊಳ್ಳಿ. ನೀವು ಮಾರಿ ಹೊರಡುವ ದಿನ ಅದು ಇನ್ನೂ ಬಾಕಿ ಇದ್ದರೆ ಗಿರಾಕಿ ಸುಲಭ. ಟೆಸ್ಟ್ ಡ್ರೈವ್ ಸಂಜೆಗೆ ಇಡುತ್ತಾರೆ, ಒಪ್ಪಬೇಡಿ. ಮಧ್ಯಾಹ್ನ ಎರಡು ಗಂಟೆಗೆ ಕೇಳಿ. ಹೆಂಡತಿ ಮಗುವನ್ನು ಹಿಂದೆ ಕೂರಿಸಿ, ಬಿಸಿಲಲ್ಲಿ ಹತ್ತು ನಿಮಿಷ ನಿಲ್ಲಿಸಿ. ಪೆಟ್ರೋಲ್ ಕಾರಿನಲ್ಲಿ ಒಮ್ಮೆ, ಹೈಬ್ರಿಡ್‌ನಲ್ಲಿ ಒಮ್ಮೆ. 640 ದಿನಾರ್ ಕೊಡಬಹುದಾ ಇಲ್ಲವಾ ಎಂದು ಅವರೇ ಹೇಳುತ್ತಾರೆ.